ಕರಡುಪಲಾಯನ ಮೀಮಾಂಸೆ

ಕೀರ್ತಿವರ್ಮನು ದನಕರುಗಳ ಮೇಲಣ ಕರುಣೆಯಿಂದ ಗೋವೈದ್ಯವನ್ನೂ, ಮೂರನೆಯ ಮಂಗರಸನು ನಾಲಗೆಯ ಮೇಲಣ ಕರುಣೆಯಿಂದ ಸೂಪಶಾಸ್ತ್ರವನ್ನೂ ಕನ್ನಡಿಸಿ ಕೊಟ್ಟಿರುವಾಗ, ಬರೆಯುವವನ ಕೈಯೊಳಗಿನ ಕರಡು ತಾನಿನ್ನೂ ಅರ್ಧಶರೀರಿಯಾಗಿರುವಾಗಲೇ, ಒಡೆಯನ ಅಪ್ಪಣೆಯನ್ನು ಪಡೆಯದೆ ಲೋಕಸಂಚಾರಕ್ಕೆ ಹೊರಟುಬಿಡುವ ಮಹಾವಿಪತ್ತಿಗೆ ಪ್ರತೀಕಾರವನ್ನು ಹೇಳತಕ್ಕ ಶಾಸ್ತ್ರವೊಂದು ಈವರೆಗೆ ಯಾವ ಋಷಿಗೂ ಗೋಚರಿಸಲಿಲ್ಲವೆಂಬುದು ವಿದ್ವಲ್ಲೋಕಕ್ಕೆ ಭೂಷಣವಲ್ಲ. ಆ ಕೊರತೆಯನ್ನು ನೀಗುವ ಭಾರವನ್ನು, ಬೇರೆ ಯಾರೂ ಹೊರಲೊಲ್ಲದ ಕಾರಣ, ನಾವು ಹೊತ್ತಿದ್ದೇವೆ.

ಮೊದಲು ಲಕ್ಷಣ. ‘ಅಪೂರ್ಣವಾದ ಲೇಖವು ಸಂಕಲ್ಪವಿಲ್ಲದೆ ಸ್ವಹಸ್ತದಿಂದಲೇ ಪರದೃಷ್ಟಿಗೆ ಬೀಳುವುದು ಕರಡುಪಲಾಯನ.’ ಇದರಲ್ಲಿ ‘ಸಂಕಲ್ಪವಿಲ್ಲದೆ’ ಎಂಬುದನ್ನು ಕೈಬಿಟ್ಟರೆ ನಮ್ಮ ವಿಶೇಷಾಂಕಗಳಲ್ಲಿ ಅಚ್ಚಾಗುವ ಕವಿತೆಗಳಲ್ಲಿ ಬಹುಭಾಗ ಒಳಗೆ ನುಗ್ಗಿ ಅತಿವ್ಯಾಪ್ತಿದೋಷ ಬರುತ್ತದೆ. ‘ಅಪೂರ್ಣವಾದ’ ಎಂಬುದನ್ನು ಬಿಟ್ಟರೆ, ಬೇರೊಬ್ಬಳಿಗೆ ಬರೆದು ಹೆಂಡತಿಯ ಹೆಸರಿನ ಲಕೋಟೆಗೆ ತುಂಬಿದ ಪತ್ರವೂ ಸೇರಿಬಿಡುತ್ತದೆ. ಅದರ ಪರಿಣಾಮಗಳಿಗೆ ಪ್ರತ್ಯೇಕ ಶಾಸ್ತ್ರವೇ ಬೇಕು. ‘ಸ್ವಹಸ್ತದಿಂದಲೇ’ ಎಂದುದು ವರ್ಜಿಲನ ಸಲುವಾಗಿ. ರೋಮಿನ ಆ ಮಹಾಕವಿ ಕ್ರಿ.ಪೂ. 19ರಲ್ಲಿ ಕಾಲವಾಗುವಾಗ, ತಿದ್ದಿ ಮುಗಿಯದ ತನ್ನ ‘ಈನಿಯಡ್’ ಕಾವ್ಯವನ್ನು ಸುಟ್ಟುಬಿಡಬೇಕೆಂದು ಬಯಸಿದನೆಂದೂ, ಚಕ್ರವರ್ತಿ ಅಗಸ್ಟಸನ ಆಜ್ಞೆಯಂತೆ ವೇರಿಯಸ್ ಮತ್ತು ಟಕ್ಕಾ ಎಂಬವರು ಅದನ್ನು ಲೋಕದ ಕೈಗಿತ್ತರೆಂದೂ ಪ್ರತೀತಿಯುಂಟು. ಅರ್ಧಕ್ಕೇ ನಿಂತ 50ಕ್ಕೂ ಮಿಕ್ಕ ಪಂಕ್ತಿಗಳು ಅದರಲ್ಲಿ ಇಂದಿಗೂ ಹಾಗೆಯೇ ನಿಂತಿವೆ. ಆದರೆ ಅದು ಪಲಾಯನವಲ್ಲ, ರಾಜಾಜ್ಞೆಯಿಂದಾದ ಅಪಹರಣ. ಬಾಣನ ಕಾದಂಬರಿಯಾದರೋ, ತಂದೆ ನಿಲ್ಲಿಸಿದೆಡೆಯಿಂದ ಮಗನು ಎತ್ತಿಕೊಂಡು ಉತ್ತರಭಾಗವನ್ನು ಕಟ್ಟಿದುದರಿಂದ, ನಮ್ಮ ವಿಚಾರದ ಕಕ್ಷೆಗೇ ಬರುವುದಿಲ್ಲ. ಅಂಥ ಮಗನನ್ನು ಪಡೆಯದವರಿಗಾಗಿಯೇ ಈ ಶಾಸ್ತ್ರ.

ಪೂರ್ವಿಕರು ಈ ವಿಪತ್ತನ್ನು ಅರಿತಿರಲಿಲ್ಲವೆನ್ನುವಂತಿಲ್ಲ; ಅದು ಒದಗದಂತೆ ಅವರ ಸಾಮಗ್ರಿಯೇ ಕಾವಲು ನಿಂತಿತ್ತು. ತಾಳೆಯೋಲೆಯ ಮೇಲೆ ಕಂಟದಿಂದ ಕೊರೆದ ಅಕ್ಷರವು ಕೊರೆದ ಮಾತ್ರಕ್ಕೆ ಕಣ್ಣಿಗೆ ಸ್ಫುಟವಾಗುವುದಿಲ್ಲ. ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಓಲೆಯ ಮೇಲೆಲ್ಲ ಸವರಿ, ಬಟ್ಟೆಯಿಂದ ಒರಸಿದ ಮೇಲೆ, ಗೀರುಗಳೊಳಗೆ ಉಳಿದ ಮಸಿಯಿಂದಷ್ಟೇ ಅದು ಓದುವವನಿಗೆ ಮೈದೋರುತ್ತದೆ. ಎಂದರೆ, ಬರೆಯುವುದು ಒಂದು ಕರ್ಮ, ಕಾಣಿಸುವುದು ಇನ್ನೊಂದು ಕರ್ಮ. ಇವೆರಡರ ನಡುವೆ ಕಾಡಿಗೆಯ ಬಟ್ಟಲನ್ನು ಹುಡುಕುವಷ್ಟು ಕಾಲಾವಕಾಶ, ಆ ಅವಕಾಶದಲ್ಲಿ ವಿವೇಕವುದಿಸುವ ಸಂಭವ, ಉದಿಸಿದ ವಿವೇಕಕ್ಕೆ ಕೈ ತೊಳೆಯುವ ತೊಂದರೆಯ ಬೆಂಬಲ. ಇನ್ನು ಲೆಕ್ಕಪತ್ರದವರು, ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿಯನ್ನು ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದು, ಬೇಡವಾದುದನ್ನು ಒರಸಿ, ಬೇಕಾದುದನ್ನು ಮಡಿಚಿಡುತ್ತಿದ್ದರು. ಮಡಿಚಿದ ಕಡತ ತಾನಾಗಿ ಬಿಚ್ಚಿಕೊಂಡು ಊರಿಗೆಲ್ಲ ಸಾಲಗಾರರ ಹೆಸರನ್ನು ಸಾರಿದ ನಿದರ್ಶನ ನಮಗೆ ದೊರೆತಿಲ್ಲ. ಹಲಗೆಬಳಪವನ್ನು ಹಿಡಿಯೆನು, ಇಟ್ಟ ಪದವನ್ನು ಅಳಿಸೆನು ಎಂದು ಹೆಮ್ಮೆಪಟ್ಟವನು ಕುಮಾರವ್ಯಾಸನೊಬ್ಬನೇ. ಕರಡೇ ಇಲ್ಲದವನ ಕರಡು ಓಡುವುದೆಲ್ಲಿಗೆ? ಆದರೂ ಆತನು ಹತ್ತು ಪರ್ವಗಳಿಗೆ ನಿಲ್ಲಿಸಿ, ಮಿಕ್ಕುದನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿಗೆ ಬಿಟ್ಟುಹೋದನೆಂಬುದನ್ನು ಭಕ್ತಿಗೆ ಕುಂದುಬಾರದಂತೆ ಇಲ್ಲಿ ಸ್ಮರಿಸಬಹುದು.

ಅಚ್ಚುಕೂಟದ ಯುಗದಲ್ಲಿ ಕಾಡಿಗೆಯ ಸ್ಥಾನವನ್ನು ಮೊಳೆ ಜೋಡಿಸುವವನು ಪಡೆದನು. ಕಡೆಯ ವಾಕ್ಯಕ್ಕೆ ಕ್ರಿಯಾಪದವೇ ಇಲ್ಲವಲ್ಲ ಸ್ವಾಮಿ, ಎಂದು ಆತನು ಕೇಳಿದ ಪ್ರಶ್ನೆಯಿಂದ ಉಳಿದ ಮಾನಗಳೆಷ್ಟೋ! ಬರೆದುದನ್ನು 9 ವರ್ಷ ಒಳಗಿಟ್ಟಿರಬೇಕೆಂದು ರೋಮಿನ ಕವಿ ಹೊರೇಸನು ವಿಧಿಸಿದ್ದುಂಟು. ವಾರಪತ್ರಿಕೆಯ ಸಂಪಾದಕರು ಅದಕ್ಕೆ ಒಪ್ಪುವರೆಂದು ತೋರದು.

ಇಂದಿನ ಯಂತ್ರದಲ್ಲಿಯಾದರೋ ‘ಉಳಿಸು’ ಎಂಬ ಗುಂಡಿಯೂ ‘ಪ್ರಕಟಿಸು’ ಎಂಬ ಗುಂಡಿಯೂ, ಅವಸರದ ಅಡುಗೆಮನೆಯಲ್ಲಿ ಪಕ್ಕಪಕ್ಕದಲ್ಲಿಟ್ಟ ಉಪ್ಪು ಸಕ್ಕರೆಗಳ ಒಂದೇ ಬಗೆಯ ಡಬ್ಬಿಗಳಂತೆ, ಒಂದನ್ನೊಂದು ಅಂಟಿಕೊಂಡು ಕುಳಿತಿವೆ. ‘ಖಚಿತವೇ?’ ಎಂದು ಯಂತ್ರವು ಕೇಳುವುದುಂಟು; ಆದರೆ ದಿನಕ್ಕೆ ನೂರು ಬಾರಿ ಕೇಳಿಸಿಕೊಂಡ ಪ್ರಶ್ನೆಗೆ ಬೆರಳೇ ಉತ್ತರಿಸುವುದಲ್ಲದೆ ಬುದ್ಧಿಯು ಎದ್ದು ಬರುವುದಿಲ್ಲ. 2003ರಲ್ಲಿ ಅಮೆರಿಕದ ಸಿಎನ್‌ಎನ್ ಸಂಸ್ಥೆಯು ಬದುಕಿದ್ದ ಮಹನೀಯರಿಗಾಗಿ ಸಿದ್ಧಪಡಿಸುತ್ತಿದ್ದ ಮರಣಲೇಖಗಳ ಕರಡುಗಳು ಬೀಗವಿಲ್ಲದೆ ಹೊರಬಿದ್ದವು. ಬ್ರಿಟನ್ನಿನ ರಾಜಮಾತೆಗೆ ಬರೆದುದನ್ನೇ ಅಚ್ಚಾಗಿಟ್ಟುಕೊಂಡು ಇತರರದನ್ನು ಎರಕ ಹೊಯ್ಯುತ್ತಿದ್ದುದರಿಂದ, ಉಪಾಧ್ಯಕ್ಷ ಡಿಕ್ ಚೇನಿ ಮಹಾಶಯರು ಬ್ರಿಟನ್ನಿನ ಮೆಚ್ಚಿನ ಅಜ್ಜಿಯಾಗಿ ಶೋಭಿಸಿದರು. 2008ರ ಆಗಸ್ಟ್‌ನಲ್ಲಿ ಬ್ಲೂಮ್‌ಬರ್ಗ್ ವಾರ್ತಾಸಂಸ್ಥೆಯು ಸ್ಟೀವ್ ಜಾಬ್ಸ್‌ರ ಮರಣಲೇಖವನ್ನು, ವಯಸ್ಸಿನ ಮತ್ತು ಮರಣಕಾರಣದ ಎಡೆಗಳನ್ನು ಖಾಲಿಯಾಗಿಯೇ ಬಿಟ್ಟು, ಹೊರಡಿಸಿತು. ಅಪೂರ್ಣತೆಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ಅಲಭ್ಯ. ಏಕೆಂದರೆ ಅಲ್ಲಿ ಲೇಖನವಷ್ಟೇ ಅಲ್ಲ, ವಿಷಯವೂ ಇನ್ನೂ ಮುಗಿದಿರಲಿಲ್ಲ. 2020ರ ನವೆಂಬರ್‌ನಲ್ಲಿ ಫ್ರಾನ್ಸಿನ ಆರ್‌ಎಫ್‌ಐ ಬಾನುಲಿಯವರು ತಮ್ಮ ಬರಹಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವಾಗ, ರಾಣಿ ಎಲಿಜಬೆತ್, ಪೆಲೆ, ಕ್ಲಿಂಟ್ ಈಸ್ಟ್‌ವುಡ್ ಮೊದಲಾದ ಸುಮಾರು 100 ಮಂದಿ ಏಕಕಾಲಕ್ಕೆ ದಿವಂಗತರಾದರು. ಲಕ್ಷಣದಲ್ಲಿ ‘ಹಸ್ತ’ವೆಂದುದರಿಂದ ಯಂತ್ರವನ್ನೂ ಗ್ರಹಿಸತಕ್ಕದ್ದು.

ಇನ್ನು ಸಿದ್ಧಾಂತ. ಎಚ್ಚರಿಕೆಯಿಂದಿರಬೇಕೆಂಬ ಉಪದೇಶವು ನಿಷ್ಫಲ. ಎಚ್ಚರವಾಗಿರುವವನಿಗೆ ಅದು ಬೇಡ, ಇಲ್ಲದವನಿಗೆ ಕೇಳಿಸದು. ಕಾಡಿಗೆಯನ್ನೇ ಮರಳಿ ತರಬೇಕು. ಎಂದರೆ, ಯಾವುದೊಂದು ಅಂಗವಿಲ್ಲದಿದ್ದರೆ ಬರಹವು ಹೊರಡಲಾರದೋ ಆ ಅಂಗವನ್ನು ಕಡೆಯವರೆಗೂ ಕೊಡದಿರಬೇಕು. ಪತ್ರವಾದರೆ ವಿಳಾಸವನ್ನು ಒಕ್ಕಣೆಯೆಲ್ಲ ಮುಗಿದ ಮೇಲೆ ಬರೆಯತಕ್ಕದ್ದು. ಲೇಖನವಾದರೆ ಖಾಲಿ ಬಿಟ್ಟ ಎಡೆಗಳಲ್ಲಿ ಗೊತ್ತಾದ ಗುರುತೊಂದನ್ನಿಟ್ಟು, ಆ ಗುರುತು ಕಂಡಷ್ಟು ಕಾಲವೂ ಯಂತ್ರವು ಬಾಗಿಲನ್ನು ತೆರೆಯದಂತೆ ಕಟ್ಟುಮಾಡತಕ್ಕದ್ದು. ಬದುಕಿರುವವರ ಮರಣಲೇಖವಾದರೆ ಬರೆದವನಲ್ಲದ ಮತ್ತೊಬ್ಬನು, ಅದೂ ಊಟವಾದವನು, ಕಾಡಿಗೆ ಸವರತಕ್ಕದ್ದು. ಇದಕ್ಕೆ ನಾವು ಮಸೀವಿಲಂಬನ್ಯಾಯವೆಂದು ಹೆಸರಿಟ್ಟಿದ್ದೇವೆ.

ಇಲ್ಲಿ ಪೂರ್ವಪಕ್ಷಿಯೊಬ್ಬನು ಎದ್ದು ನಿಲ್ಲುತ್ತಾನೆ. ಕಾಗೆ ತಲೆ ಮುಟ್ಟಿದರೆ ಬಂಧುಗಳಿಗೆ ಸಾವಿನ ಸುಳ್ಳುಸುದ್ದಿಯನ್ನು ಕಳುಹಿಸಿ, ಅವರು ಅತ್ತ ಕಣ್ಣೀರಿನಿಂದ ದೋಷವನ್ನು ಕಳೆದುಕೊಳ್ಳುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಉಂಟಷ್ಟೆ. ಹಾಗಿರಲು, ಕಾಗೆಯ ಅಪೇಕ್ಷೆಯೇ ಇಲ್ಲದೆ 100 ಮಂದಿಗೆ ಉಚಿತವಾಗಿ ಶಾಂತಿಮಾಡಿಸಿದ ಫ್ರಾನ್ಸಿನವರನ್ನು ದೂಷಿಸುವುದೇಕೆ, ಎಂದು ಆತನ ಆಕ್ಷೇಪ. ಈ ಆಕ್ಷೇಪವನ್ನು ಖಂಡಿಸಲು ನಾವು ಬಹುವಾಗಿ ಯತ್ನಿಸಿದೆವು. ಆದರೆ ಪ್ರಮಾಣಗಳು ಅವನ ಕಡೆಗೇ ವಾಲುತ್ತವೆ. ಜಾಬ್ಸ್ 2011ರವರೆಗೂ, ರಾಣಿಯೂ ಪೆಲೆಯೂ 2022ರವರೆಗೂ ಬಾಳಿದರು. ಈಸ್ಟ್‌ವುಡ್‌ರಂತೂ 2024ರಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ, ಮತ್ತೊಂದು ಚಲನಚಿತ್ರವನ್ನು ನಿರ್ದೇಶಿಸಿ ತೆರೆಗೆ ತಂದರು. ಅದರ ಸಲುವಾಗಿ ಅವರ ಮರಣಲೇಖಕ್ಕೆ ಒಂದು ವಾಕ್ಯವನ್ನಾದರೂ ಹೊಸದಾಗಿ ಸೇರಿಸಬೇಕಾಗಿರುವುದರಿಂದ, ಒಮ್ಮೆ ಪ್ರಕಟವಾಗಿದ್ದ ಆ ಲೇಖವನ್ನು ಶಾಸ್ತ್ರರೀತ್ಯಾ ಮತ್ತೆ ಕರಡೆಂದೇ ಎಣಿಸತಕ್ಕದ್ದು.