ಸೆನ್ಪೈ ಸಣ್ಣಪ್ಪ

ಸೊಲ್ಲಾಪುರದ ಬಾಳಿವೇಸಿನ ಕಡೆ ಈಗ ಓಣಿಗೊಬ್ಬ ಇಂಥವನಿದ್ದಾನೆ. ಮೈಮೇಲೆ ಕರಿ ಟೀಶರ್ಟು. ಅದರ ಬೆನ್ನಿಗೆ ಊರಿನಲ್ಲಿ ಯಾರೂ ಓದಲಾಗದ ಅಕ್ಷರ. ಹಾಕಿಕೊಂಡವನಿಗಾದರೂ ಓದಲು ಬರುತ್ತದೆಂಬ ಖಾತ್ರಿಯಿಲ್ಲ. ಬೈಕಿನ ಮುಂದುಗಡೆ ಅಕ್ಕಲಕೋಟೆ ಸ್ವಾಮಿ ಸಮರ್ಥರ ಸ್ಟಿಕರ್, ಅದರ ಮಗ್ಗುಲಿಗೇ ಜಪಾನೀ ಕಾರ್ಟೂನಿನ ಹುಲ್ಲಿನ ಟೊಪ್ಪಿಗೆಯ ಲೂಫಿ. ಇಬ್ಬರೂ ಸೇರಿ ಕಾಯುತ್ತಾರೆಂದು ನಂಬಿರುವುದರಿಂದ ಹೆಲ್ಮೆಟ್ ಇಲ್ಲ.

ಓಣಿಯ ಸಣ್ಣ ಹುಡುಗರು ತನ್ನನ್ನು 'ಸೆನ್ಪೈ' ಎಂದು ಕರೆಯಬೇಕೆಂದು ಅವನೇ ಕಟ್ಟಪ್ಪಣೆ ಮಾಡಿದ. ಜಪಾನಿನ ಶಾಲೆಗಳಲ್ಲಿ ಮೇಲಿನ ತರಗತಿಯವರನ್ನು ಹಾಗೆ ಕರೆಯುತ್ತಾರಂತೆ. ಹುಡುಗರು ಕರೆದರು, ಕಟ್ಟೆಯ ಮೇಲೆ ಕೂತ ಮುದುಕಿಯರು ಕೇಳಿಸಿಕೊಂಡರು. ವಾರ ತುಂಬುವುದರೊಳಗೆ ಇಡೀ ಓಣಿಗೆ ಅವನು ಸಣ್ಣಪ್ಪನಾದ. ಆಧಾರ್ ಕಾರ್ಡಿನಲ್ಲಿರುವ ಹೆಸರು ಈಗ ಬ್ಯಾಂಕಿನವರಿಗಷ್ಟೇ ಗೊತ್ತು.

ಈ ಜಪಾನಿನ ಹುಚ್ಚು ಹತ್ತಿದ್ದು ಹೇಗೆಂದು ಅವನ ಅವ್ವನನ್ನು ಕೇಳಿದರೆ ಟಿವಿಯ ಕಡೆ ಬೊಟ್ಟು ಮಾಡುತ್ತಾಳೆ. ಊಟ ಮಾಡಲೊಲ್ಲದ ಕೂಸಿನ ಮುಂದೆ ಡೋರೇಮಾನ್ ಹಚ್ಚಿ ಕೂಡಿಸಿದವಳು ಅವಳೇ. ಆ ನೀಲಿ ಬೆಕ್ಕು 1969ರ ಕೊನೆಗೆ ಜಪಾನಿನ ಮಕ್ಕಳ ಪತ್ರಿಕೆಗಳಲ್ಲಿ ಹುಟ್ಟಿದ್ದು. ನಮ್ಮ ಮನೆಗಳಿಗೆ ಬರುವ ಹೊತ್ತಿಗೆ ಅದು ಎಷ್ಟು ಚಂದ ಹಿಂದಿ ಮಾತಾಡುತ್ತಿತ್ತೆಂದರೆ, ದಿಲ್ಲಿ ಕಡೆಯದೇ ಇರಬೇಕೆಂದು ಅವಳು ಬಹಳ ದಿನ ತಿಳಿದಿದ್ದಳು. ಬೆಕ್ಕು ಮುಗಿದ ಮೇಲೆ ನರುಟೊ ಬಂದ. ಅವನದು ಮೊದಲು 220 ಕಂತು, ಆಮೇಲೆ ಇನ್ನೊಂದು 500. ಅದೂ ತೀರಿದ ಮೇಲೆ ಒನ್ ಪೀಸ್. 1999ರಲ್ಲಿ ಶುರುವಾದ ಈ ಧಾರಾವಾಹಿ ಸಾವಿರದ ನೂರು ಕಂತು ದಾಟಿದರೂ ಆ ಲೂಫಿಗೂ ಅವನ ಸಂಗಡಿಗರಿಗೂ ನಿಧಿ ಸಿಕ್ಕಿಲ್ಲ. ಸಣ್ಣಪ್ಪನ ಮುತ್ಯಾ ಇದನ್ನು ಕೇಳಿ ಮೊದಲ ಸಲ ಜಪಾನಿನ ಬಗ್ಗೆ ಗೌರವ ತೋರಿಸಿದರು. "ನಮ್ಮ ಹೊಲದ ಕೇಸ್ ಅದಕ್ಕಿಂತ ಹಳೀದು. ಆದ್ರ ಇಷ್ಟು ತಾರೀಖ್ ಬಿದ್ದಿಲ್ಲ ನೋಡು."

ನೋಡುವ ತನಕ ಮನೆಯವರಿಗೆ ತೊಂದರೆಯಿರಲಿಲ್ಲ. ಭಾಷೆ ಕಲಿಯಲು ಕೂತ ಮೇಲೆ ಶುರುವಾಯಿತು. ಅಭ್ಯಾಸಕ್ಕೆ ಕೂಡುವ ಮುಂಚೆ ಜಪಾನಿಯರು ಹಣೆಗೆ ಬಟ್ಟೆ ಕಟ್ಟುತ್ತಾರೆಂದು ಎಲ್ಲೋ ನೋಡಿ, ಅಪ್ಪ ಕಾರಖಾನೆಯಿಂದ ತಂದಿಟ್ಟ ಟವೆಲನ್ನು ಮಡಚಿ ತಲೆಗೆ ಬಿಗಿದ. ಸೊಲ್ಲಾಪುರದ ಟವೆಲ್ ದಪ್ಪ. ಕಿವಿ ಮುಚ್ಚಿಹೋಗಿ ಅವ್ವ ನೀರು ತುಂಬಲು ಕರೆದದ್ದು ಕೇಳಲಿಲ್ಲ. ಕೇಳಿದ್ದರೂ ಏಳುತ್ತಿದ್ದನೋ ಇಲ್ಲವೋ, ಅದು ಬೇರೆ ಮಾತು.

ಊಟದ ಮುಂದೆ ಕೂತು ಕೈ ಜೋಡಿಸಿ, ತಲೆ ತಗ್ಗಿಸಿ, ಜೋರಾಗಿ "ಇತಾದಾಕಿಮಾಸು" ಅನ್ನುತ್ತಾನೆ. ಉಣಿಸಿದವರಿಗೆ, ಬೆಳೆದವರಿಗೆ, ಅನ್ನಕ್ಕೇ ಕೃತಜ್ಞತೆ ಹೇಳುವ ರೀತಿ ಅದು, ನಿಜಕ್ಕೂ ಒಳ್ಳೆಯ ರೂಢಿ. ಆದರೆ ಅವನ ಅಜ್ಜಿ, ಆಯಿಯ ಕಿವಿಗೆ ಬಿದ್ದದ್ದು "ಇಟ್ಟಾಕಿ ಮೋಸ" ಎಂದು. "ಏನ್ ಮೋಸ ಮಾಡೇನೋ ನಾ? ಶೇಂಗಾ ಚಟ್ನಿ ಹಾಕೀನಿ, ಎಣ್ಣಿ ಹಾಕೀನಿ, ಕಟಕ ರೊಟ್ಟಿ ಎರಡ್ ಹಾಕೀನಿ!" ಎಂದು ಮೂರನೆಯ ರೊಟ್ಟಿ ತಾಟಿಗೆ ಒಗೆದಳು. ಸಣ್ಣಪ್ಪ ಅರ್ಥ ಬಿಡಿಸಿ ಹೇಳಲು ಹೋಗಲಿಲ್ಲ. ಅಂದಿನಿಂದ ಹಸಿವು ಹೆಚ್ಚಿದ ದಿನ ಮಂತ್ರವನ್ನು ಎರಡು ಸಲ ಹೇಳುತ್ತಾನೆ. ಕಟಕ ರೊಟ್ಟಿಯನ್ನು ಕಡ್ಡಿಯಿಂದ ಹಿಡಿದು ತಿನ್ನುವ ಪ್ರಯತ್ನವೂ ನಡೆಯಿತು. ರೊಟ್ಟಿ ಗೆದ್ದಿತು.

ಭಾಷೆಯನ್ನು ಕಾರ್ಟೂನಿನಿಂದ ಕಲಿತವರಿಗೆ ಒಂದು ಗಂಡಾಂತರ ಕಾದಿರುತ್ತದೆ. ಅಲ್ಲಿ ಮಾತಾಡುವವರು ಬಹುತೇಕ ಕತ್ತಿ ಹಿರಿದವರು, ಇಲ್ಲವೆ ಹಿರಿಯಲಿರುವವರು. ಎದುರಿಗಿದ್ದವನನ್ನು ಅವರು 'ಒಮಾಯೆ' ಎನ್ನುತ್ತಾರೆ. ಸಿಟ್ಟು ನೆತ್ತಿಗೇರಿದರೆ 'ಕಿಸಾಮಾ'. ಪುಣೆಯ ಮೇಡಮ್ಮೊಬ್ಬರ ಆನ್‌ಲೈನ್ ತರಗತಿಗೆ ಹೆಸರು ಹಚ್ಚಿದ ಸಣ್ಣಪ್ಪ ಮೊದಲ ದಿನವೇ ಅವರನ್ನು 'ಒಮಾಯೆ' ಎಂದು ಕರೆದು, ಊಟ ಆಯಿತೇ ಎಂದು ಕೇಳಿದ. ನಮ್ಮಲ್ಲಿ ಹೆಡ್‌ಮಾಸ್ತರರ ಹೆಗಲ ಮೇಲೆ ಕೈ ಹಾಕಿ "ಏನಲೇ, ಉಂಡೆ?" ಅಂದ ಹಾಗೆ. ಮೇಡಂ ಸ್ವಲ್ಪ ಹೊತ್ತು ಕ್ಯಾಮೆರಾ ಬಂದ್ ಮಾಡಿದರಂತೆ. ನಗಲಿಕ್ಕೋ ಅಳಲಿಕ್ಕೋ ತಿಳಿಯದು. ಆಮೇಲೆ, ಜಪಾನಿಯರು 'ನೀನು' ಎಂಬ ಮಾತನ್ನು ಆದಷ್ಟು ಬಳಸುವುದೇ ಇಲ್ಲ, ಹೆಸರಿಗೆ 'ಸಾನ್' ಹಚ್ಚಿ ಕರೆಯುತ್ತಾರೆ ಎಂದು ತಿದ್ದಿದರು. ಮರುದಿನದಿಂದ ಓಣಿಯಲ್ಲಿ ಕಾಕಾಸಾನ್, ಮಾಮಾಸಾನ್, ಹಾಲಿನ ಅಂಗಡಿಸಾನ್. ಬರೀ ಒಂದು 'ರೀ' ಹಚ್ಚಿದ್ದರೆ ಎಲ್ಲ ಕೆಲಸವೂ ಆಗುತ್ತಿತ್ತು. ಆದರೆ 'ರೀ'ಗೆ ಸರ್ಟಿಫಿಕೇಟ್ ಕೊಡುವವರು ಯಾರು?

ಇನ್ನು ಇವನ ಅಸಲು ಅವತಾರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ನೇಕಾರರ ಓಣಿಯ ದೋಸ್ತರ ಜತೆ ತೆಲುಗು, ಸಿನಿಮಾಕ್ಕೆ ಹಿಂದಿ. ಸೊಲ್ಲಾಪುರದಲ್ಲಿ ಇದೇನೂ ದೊಡ್ಡಸ್ತಿಕೆಯಲ್ಲ, ತರಕಾರಿ ಮಾರುವವಳಿಗೂ ಇಷ್ಟು ಬರುತ್ತದೆ. ಆದರೆ ಸಣ್ಣಪ್ಪನಿಗೆ ಕನ್ನಡ ಓದಲು ಬರುವುದಿಲ್ಲ. ಹಿರಾಗಾನದ 46 ಅಕ್ಷರ ಬರುತ್ತವೆ, ಕತಾಕಾನದ 46 ಬರುತ್ತವೆ, ನಿತ್ಯ ಬಳಕೆಗೆಂದು ಜಪಾನ್ ಸರಕಾರ ಪಟ್ಟಿ ಮಾಡಿದ 2136 ಕಾಂಜಿಗಳಲ್ಲಿ ನೂರರಷ್ಟು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡಿದ್ದಾನೆ. ಆಯಿಯನ್ನು ಕಲಬುರ್ಗಿಯ ಮದುವೆಗೆ ಕರೆದೊಯ್ಯಲು ಸೊಲ್ಲಾಪುರದ ಸ್ಟ್ಯಾಂಡಿಗೆ ಹೋದಾಗ ಮಾತ್ರ, ಕರ್ನಾಟಕದ ಕೆಂಪು ಬಸ್ಸಿನ ಬೋರ್ಡಿನ ಮುಂದೆ ನಿಂತು ಪಕ್ಕದವರನ್ನು "ಹೀ ಗಾಡಿ ಕುಠೇ ಜಾಣಾರ?" ಎಂದು ಮರಾಠಿಯಲ್ಲಿ ಕೇಳಿದ. ಗಡಿ ತಕರಾರಿನ 1967ರ ಮಹಾಜನ ವರದಿ ಆಯಿಯ ಸೀಮೆ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಕೊಡಬೇಕು ಎಂದಿತ್ತು. ಕೊಟ್ಟಿದ್ದರೆ ಇವನು ಬೋರ್ಡು ಓದುತ್ತಿದ್ದನೇ? ಬೆಂಗಳೂರಿನ ಇವನ ವಯಸ್ಸಿನ ಹುಡುಗರನ್ನು ನೋಡಿದ ಮೇಲೆ ನಾನು ಆ ವಾದ ಬಿಟ್ಟಿದ್ದೇನೆ.

ಆಯಿ ಅಕ್ಕಲಕೋಟೆ ತಾಲೂಕಿನ ಹಳ್ಳಿಯವಳು, ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಕಲಿತವಳು. ಒಂದು ಸಂಜೆ ಮೊಮ್ಮಗ "ಆ, ಕಾ, ಸಾ, ತಾ, ನಾ, ಹಾ, ಮಾ, ಯಾ, ರಾ, ವಾ" ಎಂದು ಒದರುತ್ತಿದ್ದುದನ್ನು ಕೇಳಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. "ಇದು ನಮ್ಮ ಅಕ್ಷರಮಾಲಿನೇ ಅದಲ್ಲೋ. ನಡುನಡುವ ಇಲಿ ತಿಂದಾವ, ಅಷ್ಟ." ವಿದ್ವಾಂಸರು ಹೇಳುವುದೂ ಅದನ್ನೇ. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿಯನ್ನು ಜಪಾನಿಗೆ ಒಯ್ದರು, ಅದರ ವರ್ಣಕ್ರಮವೇ ಅಲ್ಲಿನ ಕಾನಾ ಅಕ್ಷರಗಳ ಸಾಲಿಗೆ ಮಾದರಿಯಾಯಿತು. ವಾಕ್ಯದ ಕೊನೆಗೆ ಕ್ರಿಯಾಪದ ಬರುವುದೂ ನಮ್ಮ ಹಾಗೆಯೇ. ಮೇಡಂ ಒಮ್ಮೆ "ನಿನಗೆ ವ್ಯಾಕರಣ ಇಷ್ಟು ಲಗೂ ಹೇಗೆ ಬಂತು?" ಎಂದು ಮೆಚ್ಚಿದರಂತೆ. ಸಣ್ಣಪ್ಪ ಅದರ ಪುಣ್ಯವನ್ನೆಲ್ಲ ನರುಟೊಗೆ ಕೊಟ್ಟ.

ಓಣಿಯಲ್ಲಿ ಇವನಿಗೊಬ್ಬ ಪ್ರತಿಪಕ್ಷದ ನಾಯಕರಿದ್ದಾರೆ, ನಿವೃತ್ತ ಇತಿಹಾಸದ ಮಾಸ್ತರರು. ಅವರ ಪಾಲಿಗೆ ಪೂರ್ವದೇಶವೆಂದರೆ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರು. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿ, 1938ರಲ್ಲಿ ವೈದ್ಯರ ತಂಡದೊಂದಿಗೆ ಚೀನಾಕ್ಕೆ ಹೋಗಿ, ಜಪಾನೀ ಸೇನೆಯ ಎದುರು ಹೋರಾಡಿ ಗಾಯಗೊಂಡವರ ಶುಶ್ರೂಷೆ ಮಾಡುತ್ತ 1942ರಲ್ಲಿ ಅಲ್ಲೇ ತೀರಿಕೊಂಡವರು. "ನಮ್ಮೂರಿನ ಮಗ ಜಪಾನದವ್ರ ಗುಂಡು ತಿಂದವ್ರಿಗೆ ಪಟ್ಟಿ ಕಟ್ಟಿ ಜೀವ ಕೊಟ್ಟ. ನೀ ಅವ್ರ ಹಾಡಿಗೆ ಕುಣೀತಿ!" ಸಣ್ಣಪ್ಪ ತಬ್ಬಿಬ್ಬಾಗಲಿಲ್ಲ. ಸೊಂಟದಿಂದ ಬಾಗಿ ವಂದಿಸಿ ಕೇಳಿದ: "ಸರ್, ಕೋಟ್ನಿಸ್ ಡಾಕ್ಟ್ರು ಅಲ್ಲಿ ಹೋಗಿ ಚೀನೀ ಭಾಷಾ ಕಲ್ತಿದ್ರೋ ಇಲ್ಲೋ?" ಕಲಿತಿದ್ದರು, ಓದಲೂ ಬರೆಯಲೂ ಕಲಿತಿದ್ದರು. ಮಾಸ್ತರರು ಆ ದಿನ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದವರು ಕತ್ತಲಾಗುವ ತನಕ ಇಳಿಸಲಿಲ್ಲ.

ಜನವರಿಯಲ್ಲಿ ಸಿದ್ಧೇಶ್ವರನ ಗಡ್ಡ ಜಾತ್ರೆ. ಏಳು ನಂದಿಕೋಲು, ಬಿಳಿ ಬಾರಾಬಂದಿ ತೊಟ್ಟು ಅವನ್ನು ಹೊರುವ ಜನ, ಸಿದ್ಧರಾಮ ಊರ ಸುತ್ತ ಸ್ಥಾಪಿಸಿದನೆನ್ನುವ 68 ಲಿಂಗಗಳ ಪ್ರದಕ್ಷಿಣೆ, ಕೊನೆಗೆ ಬಾಣಬಿರುಸಿನ ಬೆಳಕು. ಇಷ್ಟೂ ದಿನ ಸಣ್ಣಪ್ಪ ಮೊಬೈಲಿನಲ್ಲಿ ಜಪಾನಿನ ಜಾತ್ರೆ ನೋಡುತ್ತಿದ್ದ. ಅಲ್ಲಿಯವರು ದೇವರ ಮೇಣೆಯನ್ನು ಹೆಗಲ ಮೇಲೆ ಹೊತ್ತು "ವಾಸ್ಶೊಯ್" ಎಂದು ಕೂಗುತ್ತ ಹೋಗುತ್ತಾರೆ. "ಕಾಕಾ, ಎಷ್ಟು ಶಿಸ್ತು ನೋಡ್ರಿ!" ಎಂದು ಫೋನ್ ಮುಂದೆ ಹಿಡಿದ. ನಂದಿಕೋಲು ಹೊತ್ತು ಹೆಗಲು ಬಾತುಕೊಂಡಿದ್ದ ಕಾಕಾ ಅದರ ಮೇಲೆ ಹಚ್ಚಿದ್ದ ಅರಿಸಿನ ತೋರಿಸಿ, "ಇದನ್ನೂ ಒಂದ್ ವಿಡಿಯೋ ಮಾಡಿ ಜಪಾನದವ್ರಿಗೆ ಕಳಸು" ಅಂದ. ಮರುವರ್ಷ ಸಣ್ಣಪ್ಪ ಬಾರಾಬಂದಿ ಹೊಲಿಸಿದ. ಅದು ಕಿಮೋನೊದ ಹಾಗೆ ಕಾಣುತ್ತದೆ ಎಂಬ ಕಾರಣಕ್ಕೆ.

ಅಕ್ಕಲಕೋಟೆಗೂ ಹೋಗುತ್ತಾನೆ, ಪರೀಕ್ಷೆಯ ಮುಂಚೆ ತಪ್ಪದೆ. ವಟವೃಕ್ಷ ಮಂದಿರದಲ್ಲಿ ಸ್ವಾಮಿಯ ಮುಂದೆ ಜಪಾನಿಯಲ್ಲಿ ಬರೆದ ಚೀಟಿ ಇಟ್ಟು ಬಂದ. ಜಪಾನಿನ ಗುಡಿಗಳಲ್ಲಿ ಕೋರಿಕೆಯನ್ನು ಮರದ ಫಲಕದ ಮೇಲೆ ಬರೆದು ತೂಗುಹಾಕುವುದನ್ನು ಅವನು ನೋಡಿದ್ದ. "ಸ್ವಾಮಿಗೆ ಓದಾಕ ಬರ್ತದೇನೋ?" ಎಂದು ಆಯಿ ಅನುಮಾನಿಸಿದಾಗ, ನಮ್ಮ ದೇವರೆಲ್ಲ ಆಗಲೇ ಅಲ್ಲಿಗೆ ಹೋಗಿಬಂದಿದ್ದಾರೆ ಎಂದು ವಿವರಿಸಿದ: ಸರಸ್ವತಿ ಅಲ್ಲಿ ಬೆಂಜಾಯ್‌ತೆನ್, ಕೈಯಲ್ಲಿ ವೀಣೆಯ ಬದಲು ಬೀವಾ, ಗಣಪತಿ ಅಲ್ಲಿ ಕಾಂಗಿತೆನ್. ಆಯಿ ತುಸು ಮೆತ್ತಗಾದಳು. 1993ರಲ್ಲಿ ಯೂಗೊ ಸಾಕೊ ಮತ್ತು ನಮ್ಮ ರಾಮ ಮೋಹನ್ ಕೂಡಿ ಮಾಡಿದ ಜಪಾನೀ ರಾಮಾಯಣವನ್ನು ಹಿಂದಿಯಲ್ಲಿ ತೋರಿಸಿದ ಮೇಲಂತೂ ಪೂರ್ತಿ ಒಲಿದಳು. ಒಂದೇ ತಕರಾರು: "ಸೀತಾದೇವಿಗೆ ಕಣ್ಣು ಭಾಳ ದೊಡ್ಡು ಮಾಡ್ಯಾರ. ದೃಷ್ಟಿ ಆಗ್ತದ."

ಜಪಾನೀ ಭಾಷೆಯ ಪರೀಕ್ಷೆ ಪುಣೆಯಲ್ಲಿ, ಡಿಸೆಂಬರಿನ ಮೊದಲ ರವಿವಾರ. ಹಿಂದಿನ ದಿನವೇ ಹುತಾತ್ಮ ಎಕ್ಸ್‌ಪ್ರೆಸ್ ಹತ್ತಿ, ಪು. ಲ. ದೇಶಪಾಂಡೆ ಉದ್ಯಾನದ ಜಪಾನೀ ಸೇತುವೆಯ ಮೇಲೆ ಮೂವತ್ತು ಫೋಟೊ ತೆಗೆಸಿಕೊಂಡ. ತಳದ ಮೆಟ್ಟಿಲು ಎನ್5. 180ಕ್ಕೆ 80 ಬಂದರೆ ಪಾಸು. ಬಂದವು. ಪೇಢೆ ಹಂಚಿದ. ಪೇಢೆ ತಿಂದ ಮಾಸ್ತರರು "ಹಂಗಾದ್ರ ನಾಕ್ ಮಾತು ಆಡಿ ತೋರ್ಸು" ಎಂದರು. ಈ ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲ, ಬರೆಯುವುದೂ ಇಲ್ಲ, ಗುರುತು ಹಾಕಿದರೆ ಸಾಕು ಎಂದು ಸಣ್ಣಪ್ಪ ಒಪ್ಪಿಕೊಳ್ಳಬೇಕಾಯಿತು. ಮಾಸ್ತರರು ಎರಡನೆಯ ಪೇಢೆ ತೆಗೆದುಕೊಂಡು, ಅಂಥಾ ಪರೀಕ್ಷೆ ತಮ್ಮ ಕಾಲದಲ್ಲಿ ಇರಲಿಲ್ಲವಲ್ಲ ಎಂದು ಮರುಗಿದರು.

ಈಗ ಹುಚ್ಚು ಗಂಭೀರವಾಗಿದೆ. 2025ರ ಆಗಸ್ಟಿನಲ್ಲಿ ಎರಡೂ ದೇಶಗಳು ಐದು ವರ್ಷದಲ್ಲಿ 50,000 ಕುಶಲ ಭಾರತೀಯರನ್ನು ಜಪಾನಿಗೆ ಕಳಿಸುವ ಮಾತಾಡಿದ ಸುದ್ದಿಯನ್ನು ಅವನು ಕತ್ತರಿಸಿ ಲೂಫಿಯ ಚಿತ್ರದ ಕೆಳಗೆ ಅಂಟಿಸಿದ್ದಾನೆ. ಅಲ್ಲಿ ಮುದುಕರು ಹೆಚ್ಚು, ನೋಡಿಕೊಳ್ಳುವವರು ಕಡಿಮೆ. ಆರೈಕೆಯ ಕೆಲಸಕ್ಕೆ ಜನ ಬೇಕು. ಎನ್4 ಪಾಸಾಗಿ, ಆರೈಕೆಯ ಪರೀಕ್ಷೆಗಳನ್ನೂ ದಾಟಿದರೆ ವೀಸಾದ ದಾರಿ ತೆರೆಯುತ್ತದೆ. ಒಂದು ರಾತ್ರಿ ಊಟವಾದ ಮೇಲೆ ಅವನು ಮನೆಯವರನ್ನೆಲ್ಲ ಕೂಡಿಸಿ ಇದನ್ನು ಸಾರಿದ. ಅಪ್ಪ ಪಗಾರ ಎಷ್ಟೆಂದು ಕೇಳಿದ. ಅವ್ವ ಅಲ್ಲಿ ಜೋಳ ಸಿಗುತ್ತದೋ ಇಲ್ಲವೋ ಎಂದು ಕೇಳಿದಳು. ಆಯಿ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಗೋಡೆಗೊರಗಿ ಕಾಲು ಚಾಚಿದಳು.

"ಅಂದ್ರ ಅಲ್ಲಿ ಮುದುಕ್ಯಾರ ಕಾಲ್ ಒತ್ಲಾಕ ಹೋಗ್ಲತ್ತಿ?"

"ಬರೀ ಕಾಲ್ ಒತ್ತೂದಲ್ಲ ಆಯಿ, ಅದಕ್ಕ ಟ್ರೇನಿಂಗ್ ಇರ್ತದ."

"ಇರ್ಲಿ. ಟ್ರೇನಿಂಗ್ ಇಲ್ಲೇ ಸುರು ಮಾಡು. ಹೂಂ, ಬಲಗಾಲು."

ಸಣ್ಣಪ್ಪ ಟವೆಲ್ ಬಿಗಿದು ಕೂತ. ಪಾಠದಲ್ಲಿದ್ದ ಹಾಗೆ "ಇತಾಯ್ ದೆಸು ಕಾ?" ಎಂದು ಮೆಲ್ಲಗೆ ವಿಚಾರಿಸಿದ. ನೋಯುತ್ತದೆಯೇ ಎಂದು.

"ಇಟ್ಟಾಕಿ ಸುದ್ದಿ ಈಗ ಬ್ಯಾಡ, ಊಟ ಆಗ್ಯಾದ" ಅಂದಳು ಆಯಿ. "ಮೊಣಕಾಲ ಕೆಳಗ. ಇನ್ನೊಂಚೂರು ಜೋರ್ ಹಚ್ಚು."