ಪಾಕಿಸ್ತಾನ ಇಲ್ವಾ? ಚಾನೆಲ್ ಬದಲಿಸಿ!

ಒಮಾನಿನ ಮಸ್ಕತ್‌ನಲ್ಲಿ ಮಳೆ ಬಂದು ಹಾಕಿ ಫೈನಲ್ ನಿಂತುಹೋಯಿತು ಎಂದರೆ ನಂಬುವವರು ಕಡಿಮೆ. ಆದರೆ ಮಳೆ ಬಂತು, ಆಟ ನಿಂತಿತು. 2018ರ ಅಕ್ಟೋಬರ್ 28. ಏಷ್ಯನ್ ಚಾಂಪಿಯನ್ಸ್ ಟ್ರೋಫಿಯ ಫೈನಲ್. ಎದುರಾಳಿ ಪಾಕಿಸ್ತಾನ. ಇಲ್ಲಿ ನಮ್ಮವರು ಬಜ್ಜಿ ತಟ್ಟೆ ಹಿಡಿದು, ಟಿ.ವಿ. ಮುಂದೆ, ಇನ್ನೊಂದು ಸರ್ಜಿಕಲ್ ಸ್ಟ್ರೈಕಿಗೆ ಸಜ್ಜಾಗಿ ಕೂತಿದ್ದರು. ಆಟಕ್ಕೆ ಮುಂಚೆ ಟರ್ಫಿಗೆ ನೀರು ಹಾಯಿಸುವುದು ಹಾಕಿಯ ಪದ್ಧತಿ. ಅಂದು ಆ ಕೆಲಸವನ್ನು ಮೇಲಿನವನೇ ವಹಿಸಿಕೊಂಡು ಅಳತೆ ಮರೆತ. ಒಂದು ನಿಮಿಷವೂ ಆಡದೆ ಎರಡೂ ದೇಶಗಳು ಜಂಟಿ ವಿಜೇತರಾದವು.

ಈಗ ಪ್ರಶ್ನೆ ಬಂತು: ಟ್ರೋಫಿ ಒಂದು, ಗೆದ್ದವರು ಇಬ್ಬರು. ನಾಣ್ಯ ಚಿಮ್ಮಿದರು. ಟ್ರೋಫಿ ಮೊದಲ ವರ್ಷ ಭಾರತದ ಬಳಿ, ಮುಂದಿನ ವರ್ಷ ಪಾಕಿಸ್ತಾನದ ಬಳಿ. ಚಿನ್ನದ ಪದಕಗಳು ಸದ್ಯಕ್ಕೆ ಪಾಕಿಸ್ತಾನದ ಆಟಗಾರರ ಕೊರಳಿಗೆ, ನಮ್ಮವರಿಗೆ ಆಮೇಲೆ ಕಳಿಸಿಕೊಡುವುದು. 1947ರಿಂದೀಚೆಗೆ ಈ ಎರಡು ದೇಶಗಳ ನಡುವೆ ಆಸ್ತಿ ಪಾಲು ಇಷ್ಟು ಸಲೀಸಾಗಿ ಮುಗಿದದ್ದು ಇದೊಂದೇ ಸಲ ಇರಬೇಕು. ಗಡಿ ಆಯೋಗ ಬೇಕಾಗಲಿಲ್ಲ, ಒಂದು ನಾಣ್ಯ ಸಾಕಾಯಿತು.

ಏಳು ವರ್ಷ ಕಳೆದು 2025ರ ಸೆಪ್ಟೆಂಬರ್‌ನಲ್ಲಿ ಕ್ರಿಕೆಟಿಗರು ದುಬೈಯಲ್ಲಿ ಏಷ್ಯಾ ಕಪ್ ಗೆದ್ದರು. ಕೊಡಲು ನಿಂತವರು ಪಾಕಿಸ್ತಾನದ ಸಚಿವರೂ ಹೌದು ಎಂದು ಟ್ರೋಫಿಯನ್ನೇ ಮುಟ್ಟಲಿಲ್ಲ. ಬರಿಗೈಯನ್ನು ಮೇಲೆತ್ತಿ, ಇಲ್ಲದ ಟ್ರೋಫಿ ಹಿಡಿದು ಕುಣಿದರು. ಹಾಕಿಯಲ್ಲಿ ಆಡದೆ ಟ್ರೋಫಿ ಸಿಕ್ಕಿತು, ಕ್ರಿಕೆಟ್‌ನಲ್ಲಿ ಆಡಿ ಗೆದ್ದರೂ ಸಿಗಲಿಲ್ಲ. ಏಷ್ಯಾ ಎಂಬ ಖಂಡದ ಮಹಿಮೆ!

ಈ ಚಾಂಪಿಯನ್ಸ್ ಟ್ರೋಫಿಯ ಕಥೆಯನ್ನು ಸ್ವಲ್ಪ ಕೇಳಿ. 2011ರಲ್ಲಿ ಚೀನಾದ ಓರ್ಡೋಸ್‌ನಲ್ಲಿ ಶುರುವಾಯಿತು. ಸಾಮಾನ್ಯವಾಗಿ ಆರು ತಂಡ. ಭಾರತ ಐದು ಸಲ ಗೆದ್ದಿದೆ: 2011, 2016, ಮಳೆಯ ಕೃಪೆಯ 2018, ಆಮೇಲೆ 2023 ಮತ್ತು 2024. ಯಾವ ಸಲ ಎಲ್ಲಿ ಗೆದ್ದದ್ದು, ಯಾರ ಮೇಲೆ ಗೆದ್ದದ್ದು ಎಂದು ನಿಮ್ಮ ಪಕ್ಕದವರನ್ನು ಕೇಳಿ ನೋಡಿ. ‘ಪಾಕಿಸ್ತಾನದ ಮೇಲಲ್ವಾ?’ ಎನ್ನುತ್ತಾರೆ. ಈ ಉತ್ತರದಲ್ಲಿ ನಮ್ಮ ಹಾಕಿ ಪ್ರೇಮದ ಸಮಸ್ತ ಜಾತಕವಿದೆ.

2023ರಲ್ಲಿ ಚೆನ್ನೈನ ಫೈನಲ್ ಮಲೇಷ್ಯಾ ಮೇಲೆ. ಅರ್ಧ ಆಟಕ್ಕೆ ನಾವು 1-3ರಿಂದ ಹಿಂದೆ. ಅಲ್ಲಿಂದ ಎದ್ದು 4-3ಕ್ಕೆ ಮುಗಿಸಿದರು. ಇಂಥ ಪಂದ್ಯ ಕ್ರಿಕೆಟ್‌ನಲ್ಲಿ ನಡೆದಿದ್ದರೆ ಅದಕ್ಕೊಂದು ವೆಬ್ ಸರಣಿ, ಮೂರು ಆತ್ಮಚರಿತ್ರೆ, ಒಂದು ಪಾನ್ ಮಸಾಲಾ ಜಾಹೀರಾತು ಗ್ಯಾರಂಟಿ. ಆದರೆ ಎದುರಾಳಿ ಮಲೇಷ್ಯಾ! ಮಲೇಷ್ಯಾ ಮೇಲೆ ನಮಗೇನು ದ್ವೇಷ? ಪಾಮ್ ಎಣ್ಣೆ ಕೊಡುತ್ತದೆ, ಪ್ಯಾಕೇಜ್ ಟೂರಿಗೆ ಕರೆಯುತ್ತದೆ. ನಮ್ಮ ಬೀದಿಯ ಹಿರಿಯರೊಬ್ಬರು ಪಂದ್ಯ ಹಾಕಿದ ಮೊಮ್ಮಗನನ್ನು ಕೇಳಿದ್ದು ಒಂದೇ ಮಾತು: ‘ಪಾಕಿಸ್ತಾನ ಇಲ್ವಾ? ಹಾಗಾದ್ರೆ ನ್ಯೂಸ್ ಹಾಕು.’ ನ್ಯೂಸ್‌ನಲ್ಲಿ ಪಾಕಿಸ್ತಾನ ಇತ್ತು. ಸಮಾಧಾನವಾಯಿತು.

2021ರ ಢಾಕಾ ಇನ್ನೂ ಸೊಗಸು. ಲೀಗ್ ಹಂತದಲ್ಲಿ ಜಪಾನಿಗೆ ಆರು ಗೋಲು ಹೊಡೆದು 6-0ಯಿಂದ ಗೆದ್ದೆವು. ಎರಡು ದಿನ ಕಳೆದು ಸೆಮಿಫೈನಲ್‌ನಲ್ಲಿ ಅದೇ ಜಪಾನ್ 5-3ರಿಂದ ನಮ್ಮನ್ನು ಫೈನಲ್‌ನಿಂದ ಹೊರಗಿಟ್ಟಿತು. ಅದೂ ಟೋಕಿಯೊದಲ್ಲಿ 41 ವರ್ಷಗಳ ಬಳಿಕ ಒಲಿಂಪಿಕ್ ಪದಕ ಗೆದ್ದು ನಾಲ್ಕೇ ತಿಂಗಳಾಗಿತ್ತು. ಬೇರೆ ದೇಶದಲ್ಲಾದರೆ ಆ ನಲವತ್ತೆಂಟು ಗಂಟೆಗಳಲ್ಲಿ ಏನಾಯಿತು ಎಂದು ತನಿಖೆ ನಡೆಯುತ್ತಿತ್ತು. ನಮಗೆ ಆ ಕಷ್ಟ ಬರಲಿಲ್ಲ. ಮೂರನೇ ಸ್ಥಾನದ ಪಂದ್ಯದಲ್ಲಿ ಪಾಕಿಸ್ತಾನವನ್ನು 4-3ರಿಂದ ಸೋಲಿಸಿದೆವಲ್ಲ! ಜಪಾನಿನ ಕೈಲಿ ತಿಂದ ಪೆಟ್ಟು ಅಲ್ಲಿಗೆ ಮಾಯ. ಫೈನಲ್‌ನಲ್ಲಿ ಕೊರಿಯಾ-ಜಪಾನ್ 3-3ರಲ್ಲಿ ಸಮ ನಿಂತು ಶೂಟೌಟ್‌ವರೆಗೆ ಹೋದವು, ಕೊರಿಯಾ ಗೆದ್ದಿತು. ಯಾರು ನೋಡಿದರು? ಕೊರಿಯಾದವರು, ಜಪಾನಿನವರು. ಚೀನಾ ಮೇಲೆ ಗೆದ್ದ ಚಿನ್ನಕ್ಕಿಂತ ಪಾಕಿಸ್ತಾನದ ಮೇಲೆ ಗೆದ್ದ ಕಂಚು ನಮ್ಮ ಸರಾಫ ಕಟ್ಟೆಯಲ್ಲಿ ಹೆಚ್ಚಿನ ಬೆಲೆಗೆ ಹೋಗುತ್ತದೆ.

ಚೀನಾ ಎಂದಮೇಲೆ 2024ರ ಹುಲುನ್‌ಬುಯಿರ್ ಹೇಳಲೇಬೇಕು. ಅಲ್ಲಿನ ದೌರ್ ಜನಾಂಗದವರು ಏಪ್ರಿಕಾಟ್ ಮರದ ಬೇರಿನಿಂದ ಚೆಂಡು ಮಾಡಿಕೊಂಡು, ಬಾಗಿದ ಕೋಲು ಹಿಡಿದು ಹಾಕಿಯಂಥದೇ ಆಟವನ್ನು ತಲೆತಲಾಂತರದಿಂದ ಆಡಿದವರು. ಸ್ಟೇಡಿಯಂ ಚೀನೀ ಧ್ವಜಗಳಿಂದ ಕೆಂಪಾಗಿತ್ತು. ಚೀನಾ ಮೊದಲ ಬಾರಿ ಫೈನಲ್‌ಗೆ ಬಂದಿತ್ತು, ಲೀಗ್‌ನಲ್ಲಿ ಭಾರತಕ್ಕೆ 3-0ಯಿಂದ ಸೋತಿದ್ದ ತಂಡ ಅದು. ಆದರೂ ಫೈನಲ್‌ನಲ್ಲಿ ಐವತ್ತು ನಿಮಿಷ ಭಾರತಕ್ಕೆ ಗೋಲು ಬಿಟ್ಟುಕೊಡಲಿಲ್ಲ. ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಗುಂಡಿನಂತೆ ಎಸೆಯುವ ಹರ್ಮನ್‌ಪ್ರೀತ್ ಸಿಂಗ್ ಅಂದು ಕಾರ್ನರ್‌ಗಳಿಂದ ಏನೂ ದಕ್ಕದೆ, 51ನೇ ನಿಮಿಷದಲ್ಲಿ ಡಿಫೆಂಡರ್ ಎಂಬುದನ್ನೇ ಮರೆತು ಸರ್ಕಲ್ ಒಳಗೆ ಚೆಂಡು ತಳ್ಳಿಕೊಂಡು ಹೋದ. ಚೀನೀಯರ ಕಾಲುಗಳ ನಡುವೆ ಸಂದು ಹುಡುಕಿ ಜುಗರಾಜ್ ಸಿಂಗ್‌ಗೆ ಕೊಟ್ಟ. ಜುಗರಾಜ್ ಕೂಡ ಡಿಫೆಂಡರ್, ಆತನೂ ಡ್ರ್ಯಾಗ್ ಫ್ಲಿಕ್ ಮನುಷ್ಯ. ಕಾವಲಿಗೆಂದು ನೇಮಿಸಿದ ಇಬ್ಬರು ಸೇರಿ ಕನ್ನ ಹಾಕಿದ ಈ ಗೋಲು ಆ ಟೂರ್ನಿಯ ಅತಿ ಚಂದದ ತುಣುಕು ಎಂದು ನನ್ನ ಎಣಿಕೆ. 1-0, ಟ್ರೋಫಿ ನಮ್ಮದು.

ಮರುದಿನ ದೇಶ ಚರ್ಚಿಸಿದ್ದೇನು? ಗ್ಯಾಲರಿಯಲ್ಲಿ ಕೂತ ಪಾಕಿಸ್ತಾನದ ಆಟಗಾರರ ಕೈಯಲ್ಲಿ ಪುಟ್ಟ ಚೀನೀ ಧ್ವಜಗಳಿದ್ದವು ಎಂಬುದನ್ನು! ಸೆಮಿಫೈನಲ್‌ನಲ್ಲಿ ತಮ್ಮನ್ನು ಸೋಲಿಸಿದವರದೇ ಧ್ವಜ ಹಿಡಿದರೆಂದು ಹಗಲಿಡೀ ಹರಟೆ. ಫೈನಲ್‌ನಲ್ಲಿ ಆಡದೆಯೂ ಫೈನಲ್‌ನ ಸುದ್ದಿಯಾಗುವ ಶಕ್ತಿ ಪಾಕಿಸ್ತಾನಕ್ಕೆ ಇದೆ. ಆ ಶಕ್ತಿಯನ್ನು ಕೊಟ್ಟವರು ನಾವು. ಹಾಗೆ ನೋಡಿದರೆ ಆ ಹುಡುಗರ ಪಾಡು ನಗುವಂಥದ್ದಲ್ಲ. ವಿಮಾನದ ಟಿಕೆಟ್ಟಿಗೂ ಅವರ ಫೆಡರೇಷನ್ ಸಾಲ ಮಾಡಿತ್ತೆಂದು ಆಗ ಪತ್ರಿಕೆಗಳು ಬರೆದವು. ಆ ಪ್ರವಾಸಕ್ಕೆ ಫೆಡರೇಷನ್ ಒಬ್ಬೊಬ್ಬರಿಗೆ ಘೋಷಿಸಿದ ಇನಾಮು ನೂರು ಡಾಲರ್. ನಾಲ್ಕು ವಿಶ್ವಕಪ್, ಮೂರು ಒಲಿಂಪಿಕ್ ಚಿನ್ನ ಗೆದ್ದ ದೇಶ ಅದು.

ನೂರು ಡಾಲರ್ ಎಂದು ನಾವು ಹೊಟ್ಟೆ ಹಿಡಿದು ನಕ್ಕೆವು. ನಗುವ ಮುನ್ನ ನಮ್ಮ ಕಡತವನ್ನೂ ತೆಗೆಯಬೇಕಿತ್ತು. 2011ರಲ್ಲಿ ಓರ್ಡೋಸ್‌ನಲ್ಲಿ ಇದೇ ಟ್ರೋಫಿಯನ್ನು ಮೊಟ್ಟಮೊದಲಿಗೆ ಗೆದ್ದು, ಅದೂ ಪಾಕಿಸ್ತಾನವನ್ನೇ ಶೂಟೌಟ್‌ನಲ್ಲಿ ಮಣಿಸಿ ಬಂದವರಿಗೆ ಹಾಕಿ ಇಂಡಿಯಾ ತಲಾ 25,000 ರೂಪಾಯಿ ಘೋಷಿಸಿತು. ಆಟಗಾರರು ಬೇಡ ಎಂದರು. ಮರ್ಯಾದೆ ಹೋಯಿತೆಂದು ಕೇಂದ್ರ ಕ್ರೀಡಾ ಸಚಿವಾಲಯ ತಲಾ ಒಂದೂವರೆ ಲಕ್ಷ ಕೊಟ್ಟಿತು. ಅದೇ ತಿಂಗಳು ನಮ್ಮಲ್ಲಿ ಹಾಕಿ ಆಳುವ ಎರಡು ಸಂಸ್ಥೆಗಳು ಅಸಲಿ ನಾನು, ಅಸಲಿ ನಾನು ಎಂದು ಕಚ್ಚಾಡುತ್ತಿದ್ದವು. ದೆಹಲಿಯಲ್ಲಿ ನಡೆಯಬೇಕಿದ್ದ ಅಂತರರಾಷ್ಟ್ರೀಯ ಚಾಂಪಿಯನ್ಸ್ ಟ್ರೋಫಿಯನ್ನು ಜಾಗತಿಕ ಫೆಡರೇಷನ್ ಕಿತ್ತುಕೊಂಡು ಹೋಗಿ ಆಕ್ಲೆಂಡ್‌ಗೆ ಕೊಟ್ಟಿತು. ಹುಡುಗರು ಚೀನಾದಲ್ಲಿ ಒಂದು ಟ್ರೋಫಿ ಗೆದ್ದು ತರುವಷ್ಟರಲ್ಲಿ ಅಧಿಕಾರಿಗಳು ಇಲ್ಲಿ ಇನ್ನೊಂದನ್ನು ಸೋತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದು ಗಾದೆ. ಇಲ್ಲಿ ಕೂಸೇ ಸಂಪಾದನೆಗೂ ಹೋಗಬೇಕು.

ಕರ್ನಾಟಕ ಇದರಲ್ಲಿ ಹಿಂದೆ ಬಿದ್ದಿತ್ತೆಂದು ತಿಳಿಯಬೇಡಿ. 2007ರ ಸೆಪ್ಟೆಂಬರ್‌ನಲ್ಲಿ ಚೆನ್ನೈನಲ್ಲಿ ಭಾರತ ಕೊರಿಯಾವನ್ನು 7-2ರಿಂದ ಚಚ್ಚಿ ಏಷ್ಯಾ ಕಪ್ ಗೆದ್ದಿತು. ತಂಡದಲ್ಲಿ ನಮ್ಮ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ವಿಕ್ರಮ್ ಕಾಂತ್. ಯಾರೂ ಹಾರ ಹಾಕಲಿಲ್ಲ. ಎರಡು ವಾರ ಕಳೆದು ಜೊಹಾನ್ಸ್‌ಬರ್ಗ್‌ನಲ್ಲಿ ಕ್ರಿಕೆಟಿಗರು ಟಿ20 ವಿಶ್ವಕಪ್ ಗೆದ್ದರು. ರಾಜ್ಯ ಸರಕಾರದ ಬೊಕ್ಕಸ ತಂತಾನೇ ಬಾಯಿ ತೆರೆಯಿತು. ಕ್ರಿಕೆಟಿಗ ರಾಬಿನ್ ಉತ್ತಪ್ಪಗೆ ಬಹುಮಾನ, ಹಾಕಿಯವರಿಗೆ ಮೌನ. ಮುಖ್ಯಮಂತ್ರಿಗಳ ಮನೆ ಮುಂದೆ ಉಪವಾಸ ಕೂರುತ್ತೇವೆ ಎಂದರು ನಮ್ಮ ಏಷ್ಯಾ ಚಾಂಪಿಯನ್ನರು. ರಾಜ್ಯದ ಹಲವರಿಗೆ ನಾವು ಏಷ್ಯಾ ಕಪ್ ಗೆದ್ದ ಸುದ್ದಿ ತಲುಪಿದ್ದು ಆ ಉಪವಾಸದ ಸುದ್ದಿಯೊಂದಿಗೇ. ಅಂದಹಾಗೆ, ಉತ್ತಪ್ಪ ಅವರ ತಂದೆ ಹಾಕಿ ಅಂಪೈರ್. ಮಗನನ್ನು ಕ್ರಿಕೆಟ್‌ಗೆ ಬಿಟ್ಟ ಆ ತೀರ್ಪಿಗೆ ಯಾವ ವಿಡಿಯೊ ರೆಫರಲ್ ಕೇಳಿದರೂ ಬದಲಾಗುವ ಹಾಗಿರಲಿಲ್ಲ.

2016ರ ಅಕ್ಟೋಬರ್ 30, ಮಲೇಷ್ಯಾದ ಕ್ವಾಂಟನ್, ಇದೇ ಚಾಂಪಿಯನ್ಸ್ ಟ್ರೋಫಿಯ ಫೈನಲ್. ಎದುರಾಳಿ ಪಾಕಿಸ್ತಾನವೇ, ಹಾಗಾಗಿ ನೀವು ನೋಡಿರುತ್ತೀರಿ. 2-2 ಆಗಿತ್ತು. 51ನೇ ನಿಮಿಷದಲ್ಲಿ ಗೆಲುವಿನ ಗೋಲು ಬಿತ್ತು. ಹೊಡೆದವನು ಕೊಡಗಿನ ಹುಡುಗ ನಿಕಿನ್ ತಿಮ್ಮಯ್ಯ. ಆ ರಾತ್ರಿ ಬೆಂಗಳೂರಿನಲ್ಲಿ ಭರ್ಜರಿ ಪಟಾಕಿ ಸಿಡಿಯಿತು, ಸುಳ್ಳಲ್ಲ. ದೀಪಾವಳಿ ಇತ್ತು. ಪಾಕಿಸ್ತಾನದ ವಿರುದ್ಧ ಒಂದು ಸಿಕ್ಸರ್ ಹೊಡೆದವನ ಹೆಸರನ್ನು ಮಕ್ಕಳಿಗೆ ಇಡುವ ನಾಡಿನಲ್ಲಿ ತಿಮ್ಮಯ್ಯ ವೃತ್ತ ಎಲ್ಲಿದೆ ಎಂದು ಕೇಳಿದರೆ ಜನರಲ್ ತಿಮ್ಮಯ್ಯನವರ ವಿಳಾಸ ಸಿಗುತ್ತದೆ.

ಈಗಿನ ಸ್ಥಿತಿ? ರಾಷ್ಟ್ರೀಯ ತಂಡ ವರ್ಷದ ಬಹುಪಾಲು ಬೆವರು ಸುರಿಸುವುದು ನಮ್ಮ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. ಎದೆಯ ಮೇಲೆ ಪ್ರಾಯೋಜಕ ಒಡಿಶಾ, ಕಾಲ ಕೆಳಗೆ ಬೆಂಗಳೂರು, ಹೆಸರಿನ ತುದಿಯಲ್ಲಿ ಸಿಂಗ್. ನೆಲ, ನೀರು, ಹವೆ ನಮ್ಮದು. 2024ರ ಚಾಂಪಿಯನ್ಸ್ ಟ್ರೋಫಿ ತಂಡದಲ್ಲಿ ಬೆಂಗಳೂರಿನ ಮೊಹಮ್ಮದ್ ರಾಹೀಲ್ ಒಬ್ಬರಿದ್ದರು. 2025ರಲ್ಲಿ ಬಿಹಾರದ ರಾಜಗೀರ್‌ನಲ್ಲಿ ಏಷ್ಯಾ ಕಪ್ ಗೆದ್ದ ತಂಡದಲ್ಲಿ ಆ ಒಬ್ಬರೂ ಇಲ್ಲ. ಗೋಲ್‌ಕೀಪರ್ ಸೂರಜ್ ಕರ್ಕೇರ ಎಂಬ ಹೆಸರು ಕಂಡು ಕರಾವಳಿಯ ಗೆಳೆಯರೊಬ್ಬರು ಹಿಗ್ಗಿದರು. ಆತ ಮುಂಬೈ ಹುಡುಗ ಎಂದಾಗ, ‘ಆದ್ರೂ ಮನೇಲಿ ತುಳು ಮಾತಾಡ್ತಿರ್ಬೇಕು’ ಎಂದು ಸಮಾಧಾನ ಪಟ್ಟುಕೊಂಡರು.

ಆಟಗಾರರ ಬರವೇ? ಏಷ್ಯಾದ ಚಾಂಪಿಯನ್ನರನ್ನು ಆರಿಸಲು ಆರು ತಂಡ ಸಾಕು. ಕೊಡಗಿನಲ್ಲಿ ಒಂದು ಸಮುದಾಯದ ಒಕ್ಕ ಒಕ್ಕಗಳ, ಅಂದರೆ ಮನೆತನಗಳ, ನಡುವಿನ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿಗೆ ಬಂದದ್ದು 360 ತಂಡ, ಗಿನ್ನೆಸ್ ದಾಖಲೆ. ಮರುವರ್ಷ ಮಡಿಕೇರಿಯಲ್ಲಿ 396. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಹಬ್ಬವಿದು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ. ಇಷ್ಟು ಕೋಲುಗಳ ಜಿಲ್ಲೆಯಿಂದ ರಾಜಗೀರ್‌ಗೆ ಒಂದು ಕೋಲೂ ಹೋಗಲಿಲ್ಲ. ಕಾರಣ ಕೇಳಿದರೆ ಸಮಿತಿ ರಚಿಸುತ್ತಾರೆ, ಆದ್ದರಿಂದ ಕೇಳುವುದಿಲ್ಲ.

ರಾಜಗೀರ್‌ಗೆ ಪಾಕಿಸ್ತಾನವೂ ಬರಲಿಲ್ಲ, ಒಮಾನ್ ಕೂಡ ಬರಲಿಲ್ಲ. ಬದಲಿಗೆ ಬಾಂಗ್ಲಾದೇಶ ಮತ್ತು ಕಜಕಸ್ತಾನ ಬಂದವು. ಬುದ್ಧ ಕರುಣೆ ಬೋಧಿಸಿದ ಊರಿನಲ್ಲಿ ಕಜಕಸ್ತಾನಕ್ಕೆ ನಮ್ಮವರು ಹೊಡೆದದ್ದು 15 ಗೋಲು. ಫೈನಲ್‌ನಲ್ಲಿ ಹಾಲಿ ಚಾಂಪಿಯನ್ ಕೊರಿಯಾವನ್ನು 4-1ರಿಂದ ಮಣಿಸಿ 2026ರ ವಿಶ್ವಕಪ್‌ಗೆ ನೇರ ಟಿಕೆಟ್ ಪಡೆದರು. ಸ್ಟೇಡಿಯಂಗೆ ಪ್ರವೇಶ ಉಚಿತ. ಅದಾಗಿ ಒಂದು ವಾರಕ್ಕೆ ದುಬೈಯಲ್ಲಿ ಕ್ರಿಕೆಟಿಗರು ಪಾಕಿಸ್ತಾನದವರ ಕೈ ಕುಲುಕಲಿಲ್ಲ. ದೇಶ ಅದನ್ನೇ ಚರ್ಚಿಸುತ್ತ ಕೂತಿತು.

ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಎಂದು ಶಾಲೆಯಲ್ಲಿ ಓದಿದವರು ನಾವು. ಅಂಥ ಯಾವ ಕ್ರೀಡೆಯನ್ನೂ ಘೋಷಿಸಿಲ್ಲ ಎಂದು ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಕ್ರೀಡಾ ಸಚಿವಾಲಯ 2012ರಲ್ಲೇ ಉತ್ತರ ಕೊಟ್ಟಾಗಿದೆ. ಹಾಗಾಗಿ ದೇಶಭಕ್ತಿಯ ಹೆಸರಿನಲ್ಲಿ ನಿಮ್ಮನ್ನು ಒತ್ತಾಯಿಸುವ ಹಾಗಿಲ್ಲ. ಒಂದೇ ಕೋರಿಕೆ. ಮುಂದಿನ ಸಲ ಭಾರತ-ಕೊರಿಯಾವೋ ಭಾರತ-ಮಲೇಷ್ಯಾವೋ ಟಿ.ವಿ.ಯಲ್ಲಿ ಬಂದಾಗ ರಿಮೋಟ್ ಕೆಳಗಿಡಿ. ನಿಮ್ಮಿಂದ ಕೇಳುತ್ತಿರುವುದು ಅರವತ್ತು ನಿಮಿಷ, ಐದು ದಿನವಲ್ಲ. ಗೋಲು ಹೊಡೆದವನ ಹೆಸರನ್ನೂ ಒಮ್ಮೆ ಕೇಳಿಸಿಕೊಳ್ಳಿ.