ಸೀರೆ ಡಬ್ಬದಲ್ಲಿ ಸಿ.ಐ.ಡಿ. 999

ಜೇಮ್ಸ್ ಬಾಂಡನ ನಂಬರು ಬರೀ ಏಳು. ಗತ್ತಿಗಿರಲಿ ಅಂತ ಮುಂದೆ ಎರಡು ಸೊನ್ನೆ ಸೇರಿಸಿಕೊಂಡಿದ್ದಾನೆ. ನಮ್ಮ ಕನ್ನಡ ಸಿನಿಮಾದ ಪತ್ತೇದಾರ ಪ್ರಕಾಶನದು 999. ಕಳೆಯೋ ಲೆಕ್ಕ ಬರುವ ಯಾರೇ ಆದರೂ ನಮ್ಮವನು 992 ಜಾಸ್ತಿ ಅಂತ ಒಪ್ಪಲೇಬೇಕು. ನಮ್ಮೂರು ದೊಡ್ಡಬೆಳವಂಗಲದಲ್ಲಿ ಇದನ್ನು ಇಲ್ಲಿಯವರೆಗೆ ಯಾರೂ ಪ್ರಶ್ನಿಸಿಲ್ಲ. ಪ್ರಶ್ನಿಸಿದವನು ನಮ್ಮಕ್ಕನ ಮಗ ಒಬ್ಬನೇ, ಅದೂ ನ್ಯೂಜೆರ್ಸಿಗೆ ಹೋಗಿ ಸೇರಿಕೊಂಡ ಮೇಲೆ.

ಅವನು ರಜಕ್ಕೆ ಬಂದಾಗ ನನಗೊಂದು ಪೆಟ್ಟಿಗೆ ತಂದ. ಬಾಂಡ್ ತೆರೆಗೆ ಬಂದು ಐವತ್ತು ವರ್ಷವಾಯಿತೆಂದು 2012ರಲ್ಲಿ ಹೊರತಂದ ಬ್ಲೂ-ರೇ ಸೆಟ್ಟು. 1962ರ ‘ಡಾಕ್ಟರ್ ನೋ’ದಿಂದ 2008ರ ‘ಕ್ವಾಂಟಮ್ ಆಫ್ ಸೋಲೇಸ್’ವರೆಗೆ 22 ಸಿನಿಮಾ ಅದರೊಳಗೆ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಆಗಿನ್ನೂ ಬಿಡುಗಡೆಯೇ ಆಗದ ‘ಸ್ಕೈಫಾಲ್’ಗೆಂದು ಒಂದು ಖಾಲಿ ಜಾಗ ಬೇರೆ ಬಿಟ್ಟಿದ್ದರು. ನಮ್ಮಮ್ಮ ಕನ್ನಡಕ ಏರಿಸಿ ನೋಡಿ, “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸವ್ರೆ” ಅಂದರು. ಬಾಂಡ್ ಸೆಟ್ಟಿನ ಬಗ್ಗೆ ಇದಕ್ಕಿಂತ ಅಡಕವಾದ ವಿಮರ್ಶೆಯನ್ನು ನಾನು ಕೇಳಿಲ್ಲ.

ಆ ಪೆಟ್ಟಿಗೆಯನ್ನು ನಾನು ಹೊರಗಿನಿಂದ ಮಾತ್ರ ವಿಮರ್ಶೆ ಮಾಡಬಲ್ಲೆ. ಬ್ಲೂ-ರೇ ತಟ್ಟೆ ಓದುವುದಕ್ಕೆ ನೀಲಿ ಲೇಸರು ಬೇಕು. ನಮ್ಮ ಮನೆಯ ಡಿವಿಡಿ ಪ್ಲೇಯರಿನದು ಕೆಂಪು. ಅದು ತಟ್ಟೆ ನುಂಗಿ, ಒಂದಷ್ಟು ಹೊತ್ತು ಗುರುಗುಟ್ಟಿ, ‘ನೋ ಡಿಸ್ಕ್’ ಎಂದು ಬರೆದು ವಾಪಸು ಉಗುಳಿತು. ಕಣ್ಣೆದುರಿಗಿರುವ ಡಿಸ್ಕನ್ನು ಇಲ್ಲ ಎನ್ನುವ ಯಂತ್ರದ ಜೊತೆ ವಾದ ಮಾಡುವುದು ಹೇಗೆ? ಪೆಟ್ಟಿಗೆ ಷೋಕೇಸ್ ಸೇರಿತು. ದಸರಾದಲ್ಲಿ ಗೊಂಬೆ ಕೂರಿಸುವಾಗ ನನ್ನ ಹೆಂಡತಿ ಅದಕ್ಕೆ ಕೆಂಪು ರವಿಕೆ ಕಣ ಸುತ್ತಿ ಪಟ್ಟದ ಗೊಂಬೆಗಳ ಕೆಳಗೆ ಇಡುತ್ತಾಳೆ. ಷಾನ್ ಕಾನರಿಯಿಂದ ಡೇನಿಯಲ್ ಕ್ರೇಗ್‌ವರೆಗೆ ಆರೂ ಜನ ಬಾಂಡರು ಒಂಬತ್ತು ದಿನ ರಾಜ–ರಾಣಿಯನ್ನು ಹೊತ್ತು ನಿಲ್ಲುತ್ತಾರೆ. ಇಂಗ್ಲೆಂಡಿನ ರಾಣಿಯ ಸೇವೆಯಲ್ಲೇ ಇದ್ದವರು, ಅವರಿಗೇನೂ ಹೊಸದಲ್ಲ.

ಈಗ ನಮ್ಮ ಮನೆತನಕ್ಕೆ ಬರೋಣ. ಪ್ರಕಾಶ ಉರುಫ್ ಸಿ.ಐ.ಡಿ. 999 ನಾಲ್ಕು ಸಲ ಬಂದ. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ಆಮೇಲೆ ಸುದೀರ್ಘ ರಜೆ ಹಾಕಿ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಮೊದಲ ಮೂರು ಕಪ್ಪು–ಬಿಳುಪು, ಕೊನೆಯದು ಬಣ್ಣ. ನಾಲ್ಕಕ್ಕೂ ದೊರೈ–ಭಗವಾನ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ಜೋಡಿಯಾಗಿ ಅವರು ನಿರ್ದೇಶಿಸಿದ ಮೊದಲ ಚಿತ್ರವೇ ‘ಜೇಡರ ಬಲೆ’. ಪಿಸ್ತೂಲು, ಗುಪ್ತ ಬಾಗಿಲು ಅಂತ ಶುರು ಮಾಡಿದ ಇದೇ ಇಬ್ಬರು 1971ರಲ್ಲಿ ‘ಕಸ್ತೂರಿ ನಿವಾಸ’ ಮಾಡಿ ಇಡೀ ಕರ್ನಾಟಕವನ್ನು ಅಳಿಸಿದರು ಅನ್ನುವುದನ್ನು ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ. ಪ್ರಕಾಶನ ವೇಷ ಹಾಕಿದ ಅಣ್ಣಾವ್ರು, ಅಂದರೆ ರಾಜ್‌ಕುಮಾರ್, ‘ಜೇಡರ ಬಲೆ’ಯ ಹೊತ್ತಿಗಾಗಲೇ ‘ಮಂತ್ರಾಲಯ ಮಹಾತ್ಮೆ’ಯ ರಾಘವೇಂದ್ರ ಸ್ವಾಮಿಗಳು, ‘ಇಮ್ಮಡಿ ಪುಲಿಕೇಶಿ’. ಅಂಥವರು ಕೋಟು ತೊಟ್ಟು, ಹ್ಯಾಟು ಓರೆ ಮಾಡಿಕೊಂಡು ಗೋವಾಕ್ಕೆ ಹೋದರು. ಪೋರ್ಚುಗೀಸರು ಗೋವಾ ಬಿಟ್ಟು ಆಗಿನ್ನೂ ಸುಮಾರು ಏಳು ವರ್ಷ.

ಈ ನಾಲ್ಕನ್ನೂ ಒಂದೇ ಪೆಟ್ಟಿಗೆಯಲ್ಲಿ ಕೊಡಿ ಅಂತ ಮೆಜೆಸ್ಟಿಕ್ಕಿನ ಅಂಗಡಿಗಳಲ್ಲಿ ಕೇಳಿ ಕೇಳಿ ನನ್ನ ಗಂಟಲು ಒಣಗಿದೆ. “ಬಿಡಿಯಾಗಿ ತಗೊಳ್ಳಿ ಸಾರ್” ಅನ್ನುತ್ತಿದ್ದರು. ಬಿಡಿಯಾಗಿಯೇ ತಗೊಂಡೆ. ಪೆಟ್ಟಿಗೆಯ ವ್ಯವಸ್ಥೆ ನಾನೇ ಮಾಡಿಕೊಂಡೆ. ದೊಡ್ಡಬಳ್ಳಾಪುರ ಮಗ್ಗದ ಊರು. ಅದರ ಆಸುಪಾಸಿನವರ ಮನೆಯಲ್ಲಿ ಸೀರೆ ಇಲ್ಲದಿದ್ದರೂ ಸೀರೆ ಡಬ್ಬ ಇದ್ದೇ ಇರುತ್ತದೆ. ನನ್ನ ಸೆಟ್ಟು ಇರುವುದು ಅಂಥ ಒಂದು ಗುಲಾಬಿ ಡಬ್ಬದಲ್ಲಿ. ಮುಚ್ಚಳದ ಮೇಲೆ ನವಿಲು. ಬಾಂಡ್ ಪೆಟ್ಟಿಗೆಯ ಮೇಲೆ ನವಿಲಿಲ್ಲ.

ಡಬ್ಬದಲ್ಲಿರುವ ಅತ್ಯಂತ ಹಳೆಯ ಆವೃತ್ತಿ ನಮ್ಮ ಸೋದರಮಾವನ ವಿ.ಎಚ್.ಎಸ್. ಕ್ಯಾಸೆಟ್ಟು. ನಾಲ್ಕು ಪವರ್‌ಲೂಮ್ ಇಟ್ಟಿದ್ದ ಮಾವ ಒಂದು ವಿ.ಸಿ.ಆರ್. ತಂದಿದ್ದರು. ಭಾನುವಾರ ದೂರದರ್ಶನದಲ್ಲಿ ‘ಜೇಡರ ಬಲೆ’ ಬಂದಾಗ ಅದನ್ನು ಮುದ್ರಿಸಿಕೊಂಡರು. ಮಾವನಿಗೆ ಜಾಹೀರಾತು ಕಂಡರಾಗದು. ನಿರ್ಮಾ ಹುಡುಗಿ ತಿರುಗಲು ಶುರು ಮಾಡಿದ ಕೂಡಲೇ ಪಾಸ್ ಗುಂಡಿ ಒತ್ತಿ ಕಾಫಿಗೆ ಎದ್ದು ಹೋಗುವರು. ಕಾಫಿ ಕುಡಿದು, ಎಲೆ–ಅಡಿಕೆ ಹಾಕಿ, ಯಾರೋ ನೂಲಿನ ರೇಟು ಕೇಳಿದ್ದಕ್ಕೆ ಉತ್ತರ ಕೊಟ್ಟು ಬಂದು ಮತ್ತೆ ಗುಂಡಿ ಒತ್ತುವರು. ಆದ್ದರಿಂದ ಆ ಆವೃತ್ತಿಯಲ್ಲಿ ಒಂದೇ ಒಂದು ಜಾಹೀರಾತಿಲ್ಲ. ಕಥೆಯೂ ಅಲ್ಲಲ್ಲಿ ಮಾತ್ರ ಇದೆ. ಪ್ರಕಾಶ ಕೊಠಡಿಯ ಬಾಗಿಲ ಹಿಡಿಗೆ ಕೈ ಹಾಕುತ್ತಾನೆ, ಮರುಕ್ಷಣ ಜಯಂತಿಯವರ ಜೊತೆ ಹಾಡುತ್ತಿರುತ್ತಾನೆ. ನಡುವೆ ಏನಾಯಿತು ಎಂಬುದನ್ನು ನಾವು ಮಕ್ಕಳು ಸೇರಿ ಊಹಿಸುತ್ತಿದ್ದೆವು, ಒಬ್ಬೊಬ್ಬರದೂ ಒಂದೊಂದು ಥರ. ನಿಜವಾದ ಪತ್ತೇದಾರಿಕೆ ಕಲಿತದ್ದು ಅಲ್ಲೇ.

ಆ ಕ್ಯಾಸೆಟ್ಟಿನ ಕೊನೆಯ ಭಾಗದ ಮೇಲೆ ಮುಂದೆ ಯಾರೋ ಚಿಕ್ಕಮ್ಮನ ಸೀಮಂತ ತುಂಬಿಸಿಬಿಟ್ಟರು. ಕ್ಲೈಮ್ಯಾಕ್ಸಿನ ಬಡಿದಾಟದಲ್ಲಿ ಅಣ್ಣಾವ್ರು ಕೈ ಎತ್ತುತ್ತಾರೆ, ಚಿತ್ರ ಒಮ್ಮೆ ನಡುಗುತ್ತದೆ, ಹಸಿರು ಬಳೆ ತೊಟ್ಟ ಚಿಕ್ಕಮ್ಮ ಕೋಸಂಬರಿ ತಿನ್ನುತ್ತಿರುತ್ತಾರೆ. ಹಿಂದೆ ಪುರೋಹಿತರು ಯಾರದೋ ಚಪ್ಪಲಿ ಹುಡುಕುತ್ತಿದ್ದಾರೆ. ಬಾಂಡ್ ಸೆಟ್ಟಿನಲ್ಲಿ ತಯಾರಿಕೆಯ ಕಥೆ, ಸಂದರ್ಶನ ಅಂತ ವಿಶೇಷ ಅನುಬಂಧಗಳಿವೆಯಂತೆ. ಇರಲಿ. ಆ ಸೀಮಂತದಲ್ಲಿ ಹೊಟ್ಟೆಯೊಳಗಿದ್ದವನೇ ಈಗಿನ ನ್ಯೂಜೆರ್ಸಿ ಹುಡುಗನಿಗೆ ಅಲ್ಲಿ ಕೆಲಸ ಕೊಡಿಸಿದ್ದು; ಇಂಥ ಅನುಬಂಧ ಅವರಲ್ಲಿದೆಯೇ?

ಎರಡನೆಯದು ವಿ.ಸಿ.ಡಿ. ಆವೃತ್ತಿ. ಒಂದು ವಿ.ಸಿ.ಡಿ.ಗೆ ಹಿಡಿಯುವುದು ಎಪ್ಪತ್ತು–ಎಂಬತ್ತು ನಿಮಿಷ. ಎರಡೂವರೆ ಗಂಟೆಯ ಕನ್ನಡ ಚಿತ್ರವನ್ನು ಅದಕ್ಕೇ ಎರಡು ತಟ್ಟೆಗೆ ಬಡಿಸುತ್ತಿದ್ದರು. ಮಧ್ಯಂತರ ಎಲ್ಲಿ ಬರಬೇಕೆಂದು ದೊರೈ–ಭಗವಾನ್ ಯೋಚಿಸಿದ್ದಕ್ಕೆ ಇಲ್ಲಿ ಬೆಲೆಯಿಲ್ಲ. ಜಾಗ ಮುಗಿದಲ್ಲಿ ಮಧ್ಯಂತರ. ಗುಂಡು ಪಿಸ್ತೂಲಿನಿಂದ ಮೊದಲ ಡಿಸ್ಕಿನಲ್ಲಿ ಹೊರಟು ಎರಡನೆಯದರಲ್ಲಿ ತಗಲುತ್ತಿತ್ತು. 2007ರಲ್ಲಿ ಮೋಸರ್ ಬೇಯರ್ ಕಂಪನಿ 28 ರೂಪಾಯಿಗೆ ವಿ.ಸಿ.ಡಿ., 34ಕ್ಕೆ ಡಿವಿಡಿ ಅಂತ ಮಾರಲು ಹೊರಟಾಗ ಬಾಡಿಗೆ ಅಂಗಡಿಗಳ ಎದೆ ನಡುಗಿತು. ಆ ಕಾಲದಲ್ಲೇ ನಾನು ಮನಸೋ ಇಚ್ಛೆ ಕೊಂಡದ್ದು, ಯಾವ ಯಾವುದೋ ಕಂಪನಿಯದು. ಮುಖಪುಟಗಳನ್ನು ನೋಡಿಯೇ ಕೊಟ್ಟ ದುಡ್ಡು ವಸೂಲು. ಕಪ್ಪು–ಬಿಳುಪು ಚಿತ್ರದ ಹೊದಿಕೆಯ ಮೇಲೆ ಅಣ್ಣಾವ್ರಿಗೆ ಕೆನ್ನೀಲಿ ಕೋಟು, ಹಿಂದೆ ಚಿತ್ರದಲ್ಲೆಲ್ಲೂ ಇಲ್ಲದ ಹೆಲಿಕಾಪ್ಟರು. ‘ಜಾಕ್‌ಪಾಟ್’ ರೇಖಾ ನಾಯಕಿಯಾಗಿ ಕಾಲಿಟ್ಟ ಚಿತ್ರ. ಹಿಂದಿಗಿಂತ ಮೊದಲೇ ಆಕೆ ನಾಯಕಿಯಾದದ್ದು ಕನ್ನಡದಲ್ಲಿ, ಆಗಿನ್ನೂ ಹದಿಹರೆಯ. ಹೊದಿಕೆ ಮಾಡಿದ ಪುಣ್ಯಾತ್ಮ ಎಲ್ಲಿಂದಲೋ ಮುಂಬೈ ರೇಖಾಳ ಫೋಟೋ ತಂದು ಅಂಟಿಸಿದ್ದ. ಹೊರಗಿನ ರೇಖಾಗೂ ಒಳಗಿನ ರೇಖಾಗೂ ಹತ್ತು ವರ್ಷ ಅಂತರ. ನಮ್ಮಮ್ಮ ಒಳಗಿನವಳನ್ನು ಹೊರಗಿನವಳ ತಂಗಿ ಎಂದೇ ನಂಬಿದ್ದರು.

ನನ್ನ ಗೋಳು ಇರುವುದು ‘ಗೋವಾ’ದಲ್ಲಿ. ಲಕ್ಷ್ಮಿಯವರು ಕನ್ನಡಕ್ಕೆ ಬಂದ ಚಿತ್ರ ಅದು. ಡಬ್ಬಿಯಲ್ಲಿ ಎರಡು ಡಿಸ್ಕು, ಒಂದರ ಮೇಲೆ 1, ಇನ್ನೊಂದರ ಮೇಲೆ 2 ಎಂದು ಅಚ್ಚುಕಟ್ಟಾಗಿ ಮುದ್ರಿಸಿದ್ದರು. ಹಾಕಿ ನೋಡಿದರೆ ಎರಡರಲ್ಲೂ ಮೊದಲರ್ಧವೇ! ಪ್ರಕಾಶ ಗೋವಾಕ್ಕೆ ಹೋದ, ಡಿಸ್ಕು ಬದಲಾಯಿಸಿದೆ, ಮತ್ತೆ ಹೋದ. ಅಂಗಡಿಯವನ ಹತ್ತಿರ ಜಗಳಕ್ಕೆ ಹೋದರೆ, “ನಂಬರ್ ಕರೆಕ್ಟಾಗೈತಲ್ಲಣ್ಣ” ಅಂದ. ನನ್ನ ಪಾಲಿಗೆ ಅವನಿನ್ನೂ ಗೋವಾದಿಂದ ವಾಪಸು ಬಂದಿಲ್ಲ.

ಆಮೇಲೆ ತ್ರೀ ಇನ್ ಒನ್ ಡಿವಿಡಿ ಬಂತು. ಒಂದೇ ತಟ್ಟೆಗೆ ಮೂರು ಸಿನಿಮಾ ಒತ್ತಿದರೆ ಮುಖದ ಮೇಲೆ ಚೌಕಳಿ ಮೂಡದೆ ಇರುತ್ತದೆಯೇ? ಅದನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು ಜೊತೆಗಾರಿಕೆ. ನನಗೆ ಸಿಕ್ಕಿದ ತಟ್ಟೆಯಲ್ಲಿ ‘ಜೇಡರ ಬಲೆ’, ‘ಡೈಮಂಡ್ ರಾಕೆಟ್’, ಇವೆರಡರ ನಡುವೆ ‘ಭಕ್ತ ಕುಂಬಾರ’. ರಿಮೋಟಿನಲ್ಲಿ ಒಂದು ಗುಂಡಿ ತಪ್ಪಿ ಒತ್ತಿದರೆ ಖಳನಾಯಕನ ಅಡ್ಡೆಯಿಂದ ನೇರವಾಗಿ ಪಾಂಡುರಂಗನ ಸನ್ನಿಧಿ. ಅಮ್ಮನಿಗೆ ಮಾತ್ರ ಈ ಆವೃತ್ತಿಯೇ ಅಚ್ಚುಮೆಚ್ಚು. ಗುಂಡಿನ ಸದ್ದು ಜಾಸ್ತಿಯಾದರೆ, “ಆ ಕುಂಬಾರನ್ನ ಹಾಕೋ” ಎನ್ನುತ್ತಿದ್ದರು. ಕುಂಬಾರ ಮಣ್ಣು ತುಳಿಯುವಲ್ಲಿಗೆ ಬಂದಾಗ ಅಳು ತಡೆಯಲಾಗದೆ, “ಸಾಕು, ಆ ಪೊಲೀಸಪ್ಪನ್ನೇ ಹಾಕು.” ಹೀಗೆ ಎರಡೂ ಚಿತ್ರ ರಾತ್ರಿ ಹತ್ತಕ್ಕೆ ಒಟ್ಟಿಗೆ ಮುಗಿಯುತ್ತಿದ್ದವು.

ಮೆಮೊರಿ ಕಾರ್ಡಿನ ಆವೃತ್ತಿ ಬಗ್ಗೆ ಹೇಳುವಂಥದ್ದೇನಿಲ್ಲ. ಮೊಬೈಲ್ ಅಂಗಡಿಯ ಹುಡುಗ ತುಂಬಿಕೊಟ್ಟ, ‘ಡೈಮಂಡ್ ರಾಕೆಟ್’ ಕೇಳಿದರೆ ಅದರಲ್ಲಿ ಅಣ್ಣಾವ್ರು ಹಾಡಿರುವ ಇಂಗ್ಲಿಷ್ ಹಾಡು ಒಂದನ್ನೇ ಹಾಕಿ, “ಜನ ಅದೊಂದೇ ಕೇಳೋದು ಸಾರ್” ಅಂದ. ಯೂಟ್ಯೂಬಿನಲ್ಲಿ ಎಲ್ಲ ಇದೆ ಅಂತ ಮಗಳು ದಿನಾ ಹೇಳುತ್ತಾಳೆ. ಇರಬಹುದು. ಅದನ್ನು ಸೀರೆ ಡಬ್ಬದಲ್ಲಿ ಇಡಲಾಗುವುದಿಲ್ಲ.

ತೀರ್ಪು ಕೊಡಬೇಕೆಂದರೆ, ಚಿತ್ರಕ್ಕೆ ಡಿವಿಡಿ, ಹೊದಿಕೆಗೆ ವಿ.ಸಿ.ಡಿ., ಕಥೆಗೆ ಮಾವನ ಕ್ಯಾಸೆಟ್ಟು. ಕಥೆಯೇ ಇಲ್ಲದಿದ್ದರೂ ಅದಕ್ಕೇ ನನ್ನ ವೋಟು. ಇಷ್ಟಾದರೂ ಒಂದು ಮಾತು ಗಂಭೀರವಾಗಿ ಹೇಳುತ್ತೇನೆ: ಇದೇ ಜೋಡಿಯ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ತುಂಬಿ 2014ರಲ್ಲಿ ಥಿಯೇಟರಿಗೆ ತಂದರು, ಜನ ಸಾಲುಗಟ್ಟಿ ನೋಡಿದರು. ಪ್ರಕಾಶನಿಗೆ ಬಣ್ಣ ಬೇಡ. ಗೀರು ತೆಗೆದ ನಾಲ್ಕು ಒಳ್ಳೆಯ ಪ್ರಿಂಟು, ಒಂದು ರಟ್ಟಿನ ಡಬ್ಬ, ಒಳಗೆ ಯಾವ ಚಿತ್ರದ ಹಿಂದೆ ಯಾರ್‍ಯಾರು ದುಡಿದರು ಎಂದು ಕನ್ನಡದಲ್ಲಿ ಬರೆದ ಒಂದು ಪುಸ್ತಿಕೆ ಸಾಕು. ಖಾಲಿ ಜಾಗ ಬಿಡುವುದೂ ಬೇಡ. ದೊರೈರಾಜ್ 2000ದಲ್ಲಿ ಹೋದರು, ಅಣ್ಣಾವ್ರು 2006ರಲ್ಲಿ, ಭಗವಾನ್ 2023ರಲ್ಲಿ, ಐದನೆಯದು ಬರುವುದಿಲ್ಲ.

ಅಂಥ ಡಬ್ಬ ಬರುವ ತನಕ ಓದುಗರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ‘ಗೋವಾದಲ್ಲಿ ಸಿ.ಐ.ಡಿ. 999’ರ ಎರಡನೇ ಡಿಸ್ಕು, ಅಂದರೆ ಎರಡನೇ ಅರ್ಧವೇ ಇರುವ ಎರಡನೇ ಡಿಸ್ಕು ಬಿದ್ದಿದ್ದರೆ ದಯವಿಟ್ಟು ತಿಳಿಸಿ. ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆ ಕಡೆ ಹೋಗುವ ಬಸ್ಸು ಹತ್ತಿ ನಮ್ಮೂರಲ್ಲಿ ಇಳಿದು ‘ಸಿ.ಐ.ಡಿ. ಮನೆ’ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಬದಲಿಗೆ ಮೊದಲನೇ ಡಿಸ್ಕು ಕೊಡುತ್ತೇನೆ, ನನ್ನ ಹತ್ತಿರ ಎರಡಿವೆ. ನಿಮ್ಮದು ಬಾಡಿಗೆ ಅಂಗಡಿಯಿಂದ ತಂದು ವಾಪಸು ಕೊಡದೆ ಉಳಿಸಿಕೊಂಡ ಡಿಸ್ಕಾದರೂ ಪರವಾಗಿಲ್ಲ. ಎಲ್ಲಿಂದ ಬಂತು ಅಂತ ಕೇಳುವುದಿಲ್ಲ.